ಲೆಕ್ಕದಲ್ಲಿದ್ದ ಎರಡನೇ ಗೋಡೆಯೊಲೆ

ಅಕ್ಟೋಬರ್ ಬಂತೆಂದರೆ ಓಹಾಯೋದ ಆ ಸಣ್ಣ ಊರಿನಲ್ಲಿ ಜನ ಕುಂಬಳಕಾಯಿಯನ್ನು ಜಗಲಿಗೆ ತಂದಿಡುತ್ತಾರೆ. ಆರು ವರ್ಷಕ್ಕೊಮ್ಮೆ ಆ ಹೊತ್ತಿಗೆ ಕೌಂಟಿಯ ತೆರಿಗೆ ಕಚೇರಿಯಿಂದ ಕಾಗದವೂ ಬರುತ್ತದೆ. ನಿಮ್ಮ ಮನೆಗೆ ಈಗ ಇಷ್ಟು ಬೆಲೆ ಕಟ್ಟಿದ್ದೇವೆ, ಒಪ್ಪಿಗೆಯಿಲ್ಲದಿದ್ದರೆ ಬಂದು ಹೇಳಿ ಎಂದು. ಡೆಲ್ಫಿನ್ ಪ್ರೂಯಿಟ್ ಆ ಕಾಗದವನ್ನು ಎಂದೂ ಪೂರ್ತಿ ಓದಿದವಳಲ್ಲ. ಶಾಲೆಯ ಅಡಿಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಊಟ ಬೇಯಿಸಿ ಬಂದವಳಿಗೆ ಸಂಜೆ ಕಾಲು ಚಾಚಿದರೆ ಸಾಕಾಗಿರುತ್ತಿತ್ತು. ಈ ಸಲ ಮಾತ್ರ ಮಂಡಿನೋವಿಗೆ ರಜೆ ಹಾಕಿ ಮನೆಯಲ್ಲೇ ಕೂತಿದ್ದಳು. ಹೊತ್ತು ಹೋಗದೆ ಕನ್ನಡಕ ಏರಿಸಿ, ಕಂಪ್ಯೂಟರ್ ತೆರೆದು, ಕಚೇರಿಯ ತಾಣದಲ್ಲಿ ತನ್ನ ವಿಳಾಸ ಬರೆದು ನೋಡಿದಳು.

ಅಷ್ಟು ಸುಲಭವೆಂದು ಅವಳು ಎಣಿಸಿರಲಿಲ್ಲ. ವಿಳಾಸ ಬರೆದದ್ದೇ ತಡ, ಅವಳ ಮನೆಯ ಜಾತಕವೆಲ್ಲ ಎದುರಿಗೆ ಬಂತು: ನಿವೇಶನದ ಉದ್ದನೆಯ ನಂಬರು, ಮಾಲೀಕರ ಹೆಸರು, ಮಾಳಿಗೆ ಎಷ್ಟು, ಸ್ನಾನದ ಮನೆ ಎಷ್ಟು, ಕಟ್ಟಿದ ವರ್ಷ 1910. ಕೆಳಗೆ ಮನೆಯ ಸುತ್ತಳತೆಯ ಒಂದು ನಕ್ಷೆ. ಬೆರಳಿಟ್ಟು ಒಂದೊಂದೇ ಸಾಲು ಓದುತ್ತ ಹೋದವಳು ಒಂದು ಕಡೆ ನಿಂತಳು.

"ಓರಿನ್, ಇಲ್ಲಿ ಬಾ ಸ್ವಲ್ಪ. ನಮ್ಮನೇಲಿ ಚಳಿಗೆ ಬೆಂಕಿ ಹಾಕೋ ಗೋಡೆಯೊಲೆ ಎಷ್ಟಿದೆ?"

ಗಂಡ ಓರಿನ್ ಅಡಿಗೆಮನೆಯಿಂದ ತಲೆ ಹೊರಗೆ ಹಾಕಿದ. ಮೂವತ್ತು ವರ್ಷ ಊರಿನವರ ಮನೆ ಬೆಚ್ಚಗಿಡುವ ಕುಲುಮೆಗಳನ್ನು ರಿಪೇರಿ ಮಾಡಿ ನಿವೃತ್ತನಾದ ಮನುಷ್ಯ. "ಹತ್ತೊಂಬತ್ತು ವರ್ಷದಿಂದ ಬೂದಿ ಎತ್ತಿ ಹಾಕ್ತಿರೋನು ನಾನು. ಒಂದೇ ಇರೋದು. ಯಾಕೆ, ಇನ್ನೊಂದು ಬೇಕಿತ್ತಾ?"

"ಇಲ್ಲಿ ಎರಡು ಅಂತ ಹಾಕಿದಾರೆ ಕಣೋ. ಇಲ್ಲದ ಒಲೆಗೆ ಇಷ್ಟು ವರ್ಷ ತೆರಿಗೆ ಕಟ್ಟಿದೀವಿ ನಾವು!"

"ಅದಕ್ಕೇ ಇರಬೇಕು ನನಗೆ ಯಾವಾಗ್ಲೂ ಸೆಕೆ" ಎಂದು ಅವನು ನಕ್ಕ. ಅವಳು ನಗಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ನ್ಯಾಯಾಲಯದ ಹಳೆಯ ಕಲ್ಲುಕಟ್ಟಡಕ್ಕೆ ಹೋದರು. ತೆರಿಗೆ ಕಚೇರಿ ಮೊದಲ ಮಹಡಿಯಲ್ಲಿ. ಕೌಂಟರಿನ ಆಚೆ ಕೂತಿದ್ದ ವಿಲ್ಮಾ ಕ್ರೌಡರ್ ಆ ಕುರ್ಚಿಗೆ ಬಂದು ಮೂವತ್ತೊಂದು ವರ್ಷವಾಗಿತ್ತು. ಬೆಲೆ ಹೆಚ್ಚಾಯಿತೆಂದು ಬೈಯಲು ಬಂದವರು ಆ ವಾರದಲ್ಲಿ ಕಡಿಮೆಯೆಂದರೂ ನೂರು ಜನ ಇದ್ದಿರಬೇಕು. ಮಂಡಿ ಹಿಡಿದುಕೊಂಡು ಕುಂಟುತ್ತ ಬಂದ ಡೆಲ್ಫಿನ್ ಬೈಯಲಿಲ್ಲ. ಅಚ್ಚು ಹಾಕಿಸಿ ತಂದಿದ್ದ ಹಾಳೆಯನ್ನು ಮುಂದಿಟ್ಟು ಎರಡರ ಅಂಕಿಯ ಮೇಲೆ ಬೆರಳಿಟ್ಟಳು.

"ನಮ್ಮನೇಲಿ ಒಂದೇ ಇರೋದು ಮೇಡಂ. ಇದನ್ನ ತೆಗೆದುಬಿಡಿ."

"ಒಂದೇ ಅಂತ ಗ್ಯಾರಂಟೀನಾ?"

"ನಮ್ಮನೆ ನಮಗೆ ಗೊತ್ತಿಲ್ವೇನ್ರೀ?"

"ತಪ್ಪು ತಿಳ್ಕೋಬೇಡಿ. ಈ ಎರಡು ಅನ್ನೋದು ಕಂಪ್ಯೂಟರ್ ಹುಟ್ಟೋಕೆ ಮುಂಚಿಂದಲೂ ಇದೆ. ಯಾರೋ ಒಬ್ಬರು ಕಣ್ಣಾರೆ ನೋಡಿ ಬರೆದೋರು. ನಾವೆಲ್ಲ ಒಬ್ಬರ ಹಿಂದೆ ಒಬ್ಬರು ನಕಲು ಮಾಡ್ಕೊಂಡು ಬಂದಿದೀವಿ. ಅಳಿಸೋಕೆ ಮುಂಚೆ ಆ ಮೊದಲನೇ ಮನುಷ್ಯ ಏನ್ ಬರೆದಿದ್ದ ನೋಡ್ಬಿಡೋಣ. ಬನ್ನಿ, ಕೂತ್ಕೊಳ್ಳಿ."

ವಿಲ್ಮಾ ಒಳಗೆ ಹೋಗಿ ಹತ್ತು ನಿಮಿಷದ ಮೇಲೆ ಹೊರಗೆ ಬಂದಳು. ಕೈಯಲ್ಲಿ ಕಂದು ಬಣ್ಣಕ್ಕೆ ತಿರುಗಿದ ದಪ್ಪ ಕಾರ್ಡು. 1937ರಲ್ಲಿ ಮನೆಮನೆಗೂ ಹೋಗಿ ಅಳೆದು ಪೆನ್ಸಿಲಿನಲ್ಲಿ ಬರೆದದ್ದು. ಮೂಲೆಯಲ್ಲಿ ಅಂಚೆಚೀಟಿಯ ಗಾತ್ರದ ಫೋಟೋ. ಡೆಲ್ಫಿನ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತನ್ನದೇ ಮನೆ! ತನ್ನದೇ ಜಗಲಿ. ಮೆಟ್ಟಿಲ ಮೇಲೆ ಯಾರೋ ಹೆಂಗಸು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಾಳೆ.

ವಿಲ್ಮಾ ಕಾರ್ಡಿನ ಹಿಂಬದಿ ತಿರುಗಿಸಿ, ಓದಲು ತಡವರಿಸುತ್ತ, ನಿಧಾನವಾಗಿ ಹೇಳಿದಳು. "ಮುಂದಿನ ಕೋಣೆ ದಿಮ್ಮಿಯದು. ಹೊರಗೂ ಒಳಗೂ ಹಲಗೆ ಹೊದಿಸಿದೆ. ಉತ್ತರದ ಗೋಡೆಯಲ್ಲಿ ಅಡಿಗೆಯ ದೊಡ್ಡ ಒಲೆ, ಈಗ ಮುಚ್ಚಿದೆ. ಹೊಗೆಗೂಡು ಮಾಡಿನ ಕೆಳಗಿನವರೆಗೆ ಕೆಡವಿದೆ."

ಡೆಲ್ಫಿನ್ ಕಾರ್ಡನ್ನು ತನ್ನತ್ತ ಎಳೆದುಕೊಂಡಳು.

"ದಿಮ್ಮಿ ಅಂದ್ರೆ?" ಎಂದಳು ಡೆಲ್ಫಿನ್. ತಿಳಿಯದೆ ಕೇಳಿದ್ದಲ್ಲ, ನಂಬಲಾಗದೆ ಕೇಳಿದ್ದು.

"ಕಾಡು ಕಡಿದು, ಮರ ಕೆತ್ತಿ, ಒಂದರ ಮೇಲೊಂದು ಪೇರಿಸಿ ಕಟ್ತಿದ್ರಲ್ಲ, ಅದು. ನಿಮ್ಮ ಮುಂದಿನ ಕೋಣೆ ಮೊದಲು ಇಡೀ ಮನೇನೇ ಆಗಿತ್ತು ಅನ್ಸುತ್ತೆ. ಉಳಿದದ್ದೆಲ್ಲ ಅದರ ಸುತ್ತ ಬೆಳೆದಿರೋದು."

ಓರಿನ್ ಹಣೆ ಬಡಿದುಕೊಂಡ. "ಅದಕ್ಕೇ ಆ ಕಿಟಕಿ ಅಷ್ಟು ಆಳ! ನಿನ್ನ ಹೂವಿನ ಕುಂಡಗಳೆಲ್ಲ ಎರಡು ಸಾಲು ಕೂರ್ತವಲ್ಲೇ ಅಲ್ಲಿ. ಮೂವತ್ತು ವರ್ಷ ಬೇರೆಯವರ ಗೋಡೆ ಒಳಗೆ ಕೈ ಹಾಕಿದೋನು ನಾನು, ನಮ್ಮ ಗೋಡೆ ಇಷ್ಟು ದಪ್ಪ ಯಾಕೆ ಅಂತ ಒಂದು ದಿನ ಕೇಳ್ಕೊಳ್ಳಲಿಲ್ಲ ನೋಡು."

"ಹಾಗಾದ್ರೆ 1910 ಅಂತ ಯಾಕೆ ಹಾಕಿದೀರಿ?"

"ಯಾರಿಗೂ ಗೊತ್ತಿಲ್ಲದಾಗ ನೋಡೋಕೆ ಎಷ್ಟು ಹಳೇದು ಅನ್ಸುತ್ತೋ ಅಷ್ಟು ಬರೀತಾರೆ. ನಿಜವಾದ ವಯಸ್ಸು ಬೇಕು ಅಂದ್ರೆ ನೆಲಮಾಳಿಗೆಗೆ ಹೋಗ್ಬೇಕು. ಮೆಟ್ಟಿಲು ಇಳೀತೀರಾ? ನಿಮ್ಮ ಮಂಡಿ..."

"ಮಂಡಿ ಹಾಳಾಗಿ ಹೋಗ್ಲಿ" ಎಂದು ಡೆಲ್ಫಿನ್ ಎದ್ದೇಬಿಟ್ಟಳು.

ನೆಲಮಾಳಿಗೆಯ ಕಪಾಟುಗಳಲ್ಲಿ ಚರ್ಮದ ರಟ್ಟಿನ ತೆರಿಗೆ ಪುಸ್ತಕಗಳಿದ್ದವು. ವರ್ಷಕ್ಕೊಂದು, ತೊಟ್ಟಿಲಿನ ಮಗುವಿನಷ್ಟು ಭಾರದವು. ವಿಲ್ಮಾ ನಿವೇಶನದ ನಂಬರನ್ನು ಹಳೆಯ ನಂಬರಿಗೆ ಹೊಂದಿಸಿಕೊಂಡು ಹಿಂದಕ್ಕೆ ಹಿಂದಕ್ಕೆ ಹೋದಳು. ಓರಿನ್ ಇಳಿಸಿಕೊಟ್ಟ, ಡೆಲ್ಫಿನ್ ಹಾಳೆ ತಿರುವಿದಳು. ಶಾಯಿ ತುಕ್ಕಿನ ಬಣ್ಣಕ್ಕೆ ಬಂದಿತ್ತು. 1900, 1880, 1871. ಹೆಸರು ಬದಲಾಗುತ್ತ ಬಂದು ಒಂದು ಹೆಸರಿನಲ್ಲಿ ನಿಂತುಬಿಟ್ಟಿತು: ಫೀಬಿ ಟಾಲಿವರ್. ಅದರ ಹಿಂದಿನ ವರ್ಷವೂ ಅದೇ, ಇನ್ನೂ ಹಿಂದಕ್ಕೂ ಅದೇ. ಗುಮಾಸ್ತರು ಸತ್ತರು, ಹೊಸಬರು ಬಂದರು, ಅಕ್ಷರ ವಾಲುವ ರೀತಿ ಬದಲಾಯಿತು. ಫೀಬಿ ಟಾಲಿವರ್ ಮಾತ್ರ ಅಲ್ಲೇ ಇದ್ದಳು. 1844ಕ್ಕೆ ಬಂದಾಗ ಹೆಸರು "ಟಾಲಿವರನ ವಿಧವೆ" ಆಯಿತು. 1839ರಲ್ಲಿ "ಜೋನಸ್ ಟಾಲಿವರ್". 1836ರ ಪುಸ್ತಕದಲ್ಲಿ ಅದೇ ಹೆಸರಿನ ಮುಂದೆ ಒಂದು ಸಾಲು: ಹೊಸ ದಿಮ್ಮಿಮನೆ, ಒಂದು. ಅದಕ್ಕೂ ಹಿಂದಿನ ಪುಸ್ತಕದಲ್ಲಿ ಆ ಜಾಗದ ಎದುರು ಬರೆದಿದ್ದದ್ದು ಒಂದೇ ಪದ. ಕಾಡು.

ಡೆಲ್ಫಿನ್ ಕುರ್ಚಿ ಎಳೆದುಕೊಂಡು ಕೂತಳು. ಈ ಊರುಗಳನ್ನೂ ರಸ್ತೆಗಳನ್ನೂ ಅವಳು ಹುಟ್ಟಿದಾಗಿನಿಂದ ಕಂಡವಳು. ಅವು ಯಾವಾಗಲೂ ಇದ್ದವೆಂದೇ ಮನಸ್ಸು ನಂಬಿಕೊಂಡಿತ್ತು. ಈಗ, ತಾನು ಟಿವಿ ನೋಡುತ್ತ ಕೂರುವ ಜಾಗದಲ್ಲಿ ಬರೀ ಮರಗಳು ನಿಂತಿದ್ದ ದಿನ ಇಷ್ಟು ಹತ್ತಿರಕ್ಕೆ ಬಂದು ಕೂತಿತ್ತು.

"ಗಂಡ ಸತ್ತಾಗ ಎಷ್ಟು ವಯಸ್ಸಿತ್ತೋ ಅವಳಿಗೆ" ಎಂದಳು.

"ಅದನ್ನೆಲ್ಲ ನಾವು ಬರೆಯೋದಿಲ್ಲಮ್ಮ" ಎಂದಳು ವಿಲ್ಮಾ. "ಮೂವತ್ತು ವರ್ಷದ ಹತ್ತಿರ ಪ್ರತಿ ವರ್ಷ ಬಂದು ಕಟ್ಟಿ ಹೋಗಿದಾಳೆ. ಮನೆ ಬಿಟ್ಟಿಲ್ಲ. ಅಷ್ಟು ಮಾತ್ರ ನನಗೆ ಗೊತ್ತು."

ಮನೆಗೆ ಬಂದವರೇ ಉತ್ತರದ ಗೋಡೆಯ ಮುಂದಿನ ಸೋಫಾ ಸರಿಸಿದರು. ಓರಿನ್ ಗೋಡೆಯುದ್ದಕ್ಕೂ ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದ. ಒಂದು ಕಡೆ ಗಟ್ಟಿ, ಮತ್ತೆ ಗಟ್ಟಿ, ಆಮೇಲೆ ಪೊಳ್ಳು.

"ಒಡೆಯಲಾ?"

"ಕೇಳೋದೇನು, ಒಡಿ!"

ಮೇಲಿನ ತೆಳು ಹಲಗೆಯನ್ನು ಕೊಯ್ದು ತೆಗೆದ. ಒಳಗೆ ಹಳೆಯ ಕಾಗದ ಅಂಟಿಸಿದ ಇನ್ನೊಂದು ಪದರ, ಅದರ ಹಿಂದೆ ಚೌಕದ ಮೊಳೆ ಹೊಡೆದ ಅಗಲವಾದ ಹಲಗೆಗಳು. ಒಂದೊಂದಾಗಿ ಬಿಚ್ಚಿದಂತೆ ಕತ್ತಲು ಅಗಲವಾಗುತ್ತ ಬಂತು. ತಣ್ಣನೆಯ ಗಾಳಿ, ಮಸಿ ಮತ್ತು ಕಲ್ಲಿನ ವಾಸನೆ. ಕೊನೆಯ ಹಲಗೆ ಕೆಳಗಿಟ್ಟಾಗ ಸಂಜೆಯ ಬಿಸಿಲು ಓರೆಯಾಗಿ ಒಳಗೆ ಬಿತ್ತು.

ಒಬ್ಬ ಮನುಷ್ಯ ತಲೆ ಬಗ್ಗಿಸಿದರೆ ನಿಲ್ಲಬಹುದಾದಷ್ಟು ದೊಡ್ಡ ಕಲ್ಲಿನ ಒಲೆ. ನೆಲದಲ್ಲಿ ಬೂದಿ ಗಟ್ಟಿಯಾಗಿ ಕೂತಿತ್ತು. ಪಕ್ಕದ ಕಲ್ಲಿನಿಂದ ಮಡಕೆ ತೂಗುಹಾಕುವ ಕಬ್ಬಿಣದ ತೋಳು ಚಾಚಿಕೊಂಡಿತ್ತು. ಓರಿನ್ ಒಂದೇ ಬೆರಳಿನಿಂದ ಅದನ್ನು ಮೆಲ್ಲನೆ ತಳ್ಳಿದ. ಅದು ಸಣ್ಣಗೆ ಕಿರುಗುಟ್ಟಿ, ತಡೆಯಿಲ್ಲದೆ, ಕೋಣೆಯೊಳಕ್ಕೆ ತಿರುಗಿ ಅವರತ್ತ ಬಂತು. ಊಟಕ್ಕೆ ಕರೆದ ಹಾಗೆ.

"ಅಯ್ಯೋ ದೇವರೇ" ಎಂದ ಓರಿನ್.

ಒಲೆಯ ಎರಡು ಬದಿಗೂ ದಿಮ್ಮಿಗಳ ತುದಿ ಕಾಣುತ್ತಿತ್ತು. ಓಕ್ ಮರ, ಡೆಲ್ಫಿನ್‌ನ ಸೊಂಟದಷ್ಟು ಅಗಲ, ಮೈತುಂಬ ಕೊಡಲಿಯ ಏಟು. ದಿಮ್ಮಿಗಳ ನಡುವಿನ ಸಂದಿಗೆ ಹುಲ್ಲು ಕಲಸಿದ ಜೇಡಿ ತುರುಕಿದ್ದರು. ಅವಳು ಟಾರ್ಚು ಹತ್ತಿರ ಹಿಡಿದಳು. ಜೇಡಿಯಲ್ಲಿ ಬೆರಳಿನ ಗುರುತು. ಒತ್ತಿ ಎಳೆದ ನಾಲ್ಕು ಬೆರಳು, ಅದರ ಪಕ್ಕ ಮತ್ತೆ ನಾಲ್ಕು, ಹಾಗೇ ಗೋಡೆಯುದ್ದಕ್ಕೂ. ಓರಿನ್ ತನ್ನ ಕೈ ಇಟ್ಟು ನೋಡಿದ, ಹಿಡಿಸಲಿಲ್ಲ. ಡೆಲ್ಫಿನ್ ಇಟ್ಟಳು. ಒಂದೊಂದು ಬೆರಳೂ ತನ್ನ ಹಳ್ಳದಲ್ಲಿ ಹೋಗಿ ಕೂತಿತು. ತಣ್ಣಗೆ, ನಯವಾಗಿ, ನಿನ್ನೆ ಒತ್ತಿದಂತೆ. ಅದು ಫೀಬಿಯ ಕೈಯೋ, ಮತ್ತೆ ಯಾರದೋ, ಯಾವ ಪುಸ್ತಕವೂ ಹೇಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಕೈ ತೆಗೆಯಲು ಮನಸ್ಸಾಗದೆ, ಮಂಡಿಯ ನೋವು ಮರೆತು, ಹಾಗೇ ನಿಂತಿದ್ದಳು.

ಮೂರು ದಿನದ ಮೇಲೆ, ಗೋಡೆ ಬಿಚ್ಚಿದ ಸುದ್ದಿ ಕೇಳಿ, ವಿಲ್ಮಾ ಕಚೇರಿಯ ಅಳತೆಪಟ್ಟಿ ಹಿಡಿದು ತಾನೇ ಬಂದಳು. ಇದಕ್ಕೆ ಬರಬೇಕಾದವನು ಬೇರೊಬ್ಬ. ಅವನಿಗೆ ಬೇಡವೆಂದು ಹೇಳಿ ಬಂದಿದ್ದಳಂತೆ. ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು. ಅಳತೆಪಟ್ಟಿ ಕೈಯಲ್ಲೇ ಉಳಿಯಿತು.

"ಈ ಎರಡು ಅನ್ನೋದನ್ನ ನಾನೇ ಐದು ಸಲ ನಕಲು ಮಾಡಿದೀನಿ" ಎಂದಳು ಸಣ್ಣ ದನಿಯಲ್ಲಿ. "ಮೂವತ್ತೊಂದು ವರ್ಷ. ಬರೆದದ್ದೆಲ್ಲ ಬರೀ ಅಂಕಿ ಅಂದ್ಕೊಂಡಿದ್ದೆ."

"ಈಗ ಹೇಳಿ ಮೇಡಂ" ಎಂದ ಓರಿನ್. "ಮನೆಗೆ ಇನ್ನೂರು ವರ್ಷ ಆಗ್ತಾ ಬಂತು ಅಂದ್ರೆ ತೆರಿಗೆ ಇಳೀಬೇಕಲ್ವಾ?"

"ವಯಸ್ಸು ತಿದ್ದುತೀನಿ, ಸ್ವಲ್ಪ ಇಳೀಬಹುದು. ಒಲೆ ಮಾತ್ರ ಎರಡೇ. ನೀವೇ ತೆಗೆದು ತೋರಿಸಿದೀರಿ."

"ಎರಡೇ ಇರ್ಲಿ" ಎಂದಳು ಡೆಲ್ಫಿನ್. "ಅದನ್ನ ಮಾತ್ರ ಯಾರೂ ಮುಟ್ಟಬೇಡಿ."

ಅವಳು ಒಳಗೆ ಹೋಗಿ ಬೀನ್ಸಿನ ಸಾರು, ಮೆಕ್ಕೆಜೋಳದ ಬ್ರೆಡ್ಡು ತಂದಳು. ಮೇಜಿಗೆ ಯಾರೂ ಹೋಗಲಿಲ್ಲ. ಕುರ್ಚಿಗಳನ್ನು ಒಲೆಯ ಮುಂದಕ್ಕೆ ಎಳೆದುಕೊಂಡು, ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಮೂವರೂ ಆ ಕಪ್ಪು ಕಲ್ಲುಗಳನ್ನು ನೋಡುತ್ತ ಉಂಡರು.