ಡಬ್ಬಿಯ ಮೇಲಿನ ಕೂದಲು

ಬೀದಿಯವರೆಲ್ಲ ಅವನನ್ನು ದೊಡ್ಡ ಕತ್ತರಿ ಅಂತಲೂ ಅವನ ತಮ್ಮನನ್ನು ಸಣ್ಣ ಕತ್ತರಿ ಅಂತಲೂ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಆದರೆ ಸಲೂನು ನಡೆಸುವವನ ಬೆನ್ನ ಹಿಂದೆ ನಡೆಯುವುದೆಲ್ಲ ಎದುರಿನ ಕನ್ನಡಿಯಲ್ಲಿ ಕಾಣುವುದರಿಂದ ಇಬ್ಬರಿಗೂ ಅದು ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇದ್ದರು, ಅಷ್ಟೆ.

ಅಂಗಡಿಯಲ್ಲಿ ಎರಡೇ ಕುರ್ಚಿ. ಬಾಗಿಲ ಪಕ್ಕದ, ಒಳ್ಳೆಯ ಬೆಳಕು ಬೀಳುವ ಕುರ್ಚಿ ಯಾವತ್ತೂ ಹಿರಿಯನದು. ಅದರ ಹಿಂದೆ ಮೊದಲು ಅಪ್ಪ ನಿಲ್ಲುತ್ತಿದ್ದ. ಒಂದು ದಿನ ಗಿರಾಕಿಯ ಗದ್ದದ ಮೇಲೆ ಅಪ್ಪನ ಕೈ ಒಮ್ಮೆ ನಡುಗಿತು. ಗಾಯವೇನೂ ಆಗಲಿಲ್ಲ. ಅಪ್ಪ ಆ ಗಿರಾಕಿಯ ಮುಖ ಒರೆಸಿ, ಕತ್ತಿಯನ್ನು ದೊಡ್ಡ ಮಗನ ಕೈಗಿಟ್ಟು, ಹೊರಗಿನ ಬೆಂಚಿನ ಮೇಲೆ ಹೋಗಿ ಕೂತುಬಿಟ್ಟ. ಸಾಯುವವರೆಗೂ ಮತ್ತೆ ಆ ಕುರ್ಚಿಯ ಹಿಂದೆ ನಿಲ್ಲಲಿಲ್ಲ. ಆ ಮನೆಯಲ್ಲಿ ಕಾನೂನು ಅಂತ ಇದ್ದದ್ದು ಅದೊಂದೇ.

ಈಗ ಅಣ್ಣನ ಬೆರಳಿಗೇ ಕುತ್ತು ಬಂದಿತ್ತು. ಸಂಧಿವಾತ. ಬೆಳಿಗ್ಗೆ ಎದ್ದರೆ ಬೆರಳುಗಳು ಮಡಚಲೊಲ್ಲವು. ಅಂಗಿಯ ಗುಂಡಿಯನ್ನು ಹೆಂಡತಿ ಹಾಕಿಕೊಡಬೇಕು. ವಿಷಯ ಗೊತ್ತಿದ್ದದ್ದು ಹೆಂಡತಿಗೆ ಮತ್ತು ತಮ್ಮನಿಗೆ ಮಾತ್ರ. ಬೀದಿಗೆ ಗೊತ್ತಾದರೆ ಕಥೆ ಮುಗಿಯಿತು. ಕೈ ಸರಿಯಿಲ್ಲದವನ ಮುಂದೆ ಕುತ್ತಿಗೆ ಚಾಚಿ ಕೂರುವಷ್ಟು ಪ್ರೀತಿ ಯಾವ ಗಿರಾಕಿಗೂ ಇರುವುದಿಲ್ಲ.

ಮೊದಮೊದಲು ಆಸ್ಪತ್ರೆಯ ಸಿಸ್ಟರೇ ಹದಿನೈದು ದಿನಕ್ಕೊಮ್ಮೆ ಇಂಜೆಕ್ಷನ್ ಕೊಡುತ್ತಿದ್ದರು. ಬೆರಳು ಸಡಿಲವಾಗಿ, ಕತ್ತಿ ಮತ್ತೆ ಮಾತು ಕೇಳತೊಡಗಿತ್ತು. ಆಮೇಲೆ ಅವರು, ನೀವು ಪ್ರತಿ ಸಲ ಅಂಗಡಿ ಮುಚ್ಚಿ ಬರುವುದು ಯಾಕೆ, ಮನೆಯಲ್ಲೇ ತಗೊಳ್ಳಿ ಎಂದು ಪೆನ್ನಿನಂಥದ್ದೊಂದನ್ನು ತೋರಿಸಿದರು. ನೀರು ಕುಡಿದಷ್ಟು ಸುಲಭವಂತೆ. ಮುಚ್ಚಳ ಕೀಳಬೇಕು, ತೊಡೆಗೆ ನೆಟ್ಟಗೆ ಒತ್ತಬೇಕು, ತುದಿಯ ಗುಂಡಿ ಅದುಮಬೇಕು. ಒಂದು ಸಲ ಕ್ಲಿಕ್ ಅಂದರೆ ಮದ್ದು ಹೊರಟಿತು, ಇನ್ನೊಂದು ಸಲ ಕ್ಲಿಕ್ ಅಂದರೆ ಮುಗಿಯಿತು. ಅಲ್ಲಿಯವರೆಗೂ ಒತ್ತಿ ಹಿಡಿದಿರಬೇಕು. ಪಕ್ಕದ ಪುಟ್ಟ ಕಿಟಕಿ ಹಳದಿಯಾಗುತ್ತದೆ. ಕಲಿಯುವುದಕ್ಕೆಂದು ಸೂಜಿಯಿಲ್ಲದ, ಮದ್ದಿಲ್ಲದ ಆಟದ ಪೆನ್ನೊಂದನ್ನು ಕೊಟ್ಟರು. ಅಣ್ಣ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾಡಿ ತೋರಿಸಿದ. ಇಷ್ಟು ಸ್ಥಿರವಾದ ಕೈ ನಾನು ನೋಡೇ ಇಲ್ಲ ಅಂದರು ಸಿಸ್ಟರು. ಆ ಮಾತನ್ನು ಅವನು ಜೋಪಾನವಾಗಿ ಮನೆಗೆ ತಂದ. ಡಬ್ಬಿಯೊಳಗೆ ಮಡಿಸಿಟ್ಟಿದ್ದ ಕಾಗದವನ್ನು ಮಾತ್ರ ಒಮ್ಮೆಯೂ ಬಿಚ್ಚಲಿಲ್ಲ. ಪಾಸಾದವನು ಮತ್ತೆ ಪುಸ್ತಕ ಯಾಕೆ ತೆಗೆಯಬೇಕು?

ಆದರೂ ಸುಲಭ ಅನ್ನುವ ಮಾತು ಅವನ ಕಿವಿಗೆ ಹಿಡಿಸಿರಲಿಲ್ಲ. ಸುಮ್ಮನೆ ಒಂಚೂರು ಟ್ರಿಮ್ ಮಾಡಿ, ಸುಲಭದ ಕೆಲಸ ಅಂತ ಕೂರುವ ಗಿರಾಕಿಯೇ ಕೊನೆಗೆ ಎಲ್ಲರಿಗಿಂತ ಹೆಚ್ಚು ತಲೆ ತಿನ್ನುವವನು ಎಂಬುದು ಅವನ ಅನುಭವ.

ಅವನ ಅನುಮಾನ ಸುಳ್ಳಾಗಲಿಲ್ಲ. ಪೆನ್ನು ಶುರುವಾದ ಕೆಲವೇ ವಾರಕ್ಕೆ ಬೆರಳು ಮತ್ತೆ ಬಿಗಿಯತೊಡಗಿತು. ಅಂಗಡಿಯ ಹಿಂದಿನ ಚಿಕ್ಕ ಕೋಣೆಯಲ್ಲಿ, ಟವೆಲ್ಲುಗಳ ರಾಶಿಯ ಪಕ್ಕ, ಪರದೆ ಎಳೆದುಕೊಂಡು, ಪ್ಯಾಂಟು ಸರಿಸಿ ಅವನು ಚುಚ್ಚಿಕೊಳ್ಳುತ್ತಿದ್ದ. ಕತ್ತಿ ಹಿಡಿದು ಬದುಕಿದವನಿಗೆ ಸೂಜಿ ಕಂಡರೆ ಆಗದು. ಗೋಡೆಯ ಕಡೆ ಮುಖ ತಿರುಗಿಸಿಯೇ ಗುಂಡಿ ಅದುಮುತ್ತಿದ್ದ. ನೋಡಿದರೆ ಕಿಟಕಿ ಹಳದಿಯಾಗಿರುತ್ತಿತ್ತು, ಎರಡು ಸಲ ಕ್ಲಿಕ್ ಅಂದದ್ದೂ ಕೇಳಿಸಿರುತ್ತಿತ್ತು. ಪ್ಯಾಂಟಿನ ಅಂಚು ಮಾತ್ರ ಪ್ರತಿ ಸಲ ಒದ್ದೆ, ಮೇಲೆ ಮನೆಗೆ ಹೋಗಿ ಹೆಂಡತಿಯ ಹತ್ತಿರ ಅದಕ್ಕೂ ಕೂಗಾಡುತ್ತಿದ್ದ. ಎಲ್ಲ ಸರಿಯಾಗಿ ಮಾಡಿದರೂ ಮದ್ದು ಕೆಲಸ ಮಾಡುತ್ತಿಲ್ಲವೆಂದರೆ ಪೆನ್ನಿನಲ್ಲಿ ಇರುವುದು ಮದ್ದೇ ಅಲ್ಲ.

ಅನುಮಾನ ಮೊದಲು ಪೆನ್ನು ಮಾಡಿದ ಕಂಪನಿಯ ಮೇಲೆ ಹೋಯಿತು. ಕಂಪನಿ ಕೈಗೆ ಸಿಗುವಂಥದ್ದಲ್ಲ. ಆಮೇಲೆ ಫ್ರಿಜ್ಜಿನ ಮೇಲೆ, ಆಮೇಲೆ ಫ್ರಿಜ್ಜಿನ ಬಾಗಿಲು ಸರಿಯಾಗಿ ಹಾಕದ ಹೆಂಡತಿಯ ಮೇಲೆ. ಇವಳು ಹೀಗೇ ಎಲ್ಲ ಬಾಗಿಲನ್ನೂ ಅರ್ಧ ತೆರೆದಿಡುತ್ತಾಳೆ ಎಂದು ರೇಗಿದ. ಅವಳು, ಹಾಗಾದರೆ ಹಾಲು ಯಾಕೆ ಕೆಟ್ಟಿಲ್ಲ ಎಂದು ಕೇಳಿ ಕಡ್ಡಿ ಮುರಿದ ಹಾಗೆ ಮಾತು ಮುಗಿಸಿದಳು. ಉಳಿದವನು ತಮ್ಮ. ಆಸ್ಪತ್ರೆಯ ಔಷಧಿ ಅಂಗಡಿಯಿಂದ ಡಬ್ಬಿ ತರುತ್ತಿದ್ದವನು ಅವನೇ.

ಒಮ್ಮೆ ತಲೆಗೆ ಹುಳ ಹೊಕ್ಕಮೇಲೆ ಎಲ್ಲವೂ ಅದಕ್ಕೆ ಮೇವಾಯಿತು. ಶೇವಿಂಗಿಗೆ ಯಾರಾದರೂ ಬಂದರೆ, ನೀನು ಕೂದಲು ನೋಡ್ಕೋ ಅಣ್ಣ, ಇವರನ್ನ ನಾನು ನೋಡ್ಕೋತೀನಿ ಎಂದು ತಮ್ಮ ಮುಂದೆ ಬರುತ್ತಿದ್ದ. ಅಣ್ಣ ಕತ್ತಿ ಹಿಡಿದಾಗ ಇವನ ಕಣ್ಣು ಕನ್ನಡಿಯಲ್ಲಿ ಅಣ್ಣನ ಕೈ ಮೇಲೇ ಇರುತ್ತಿತ್ತು. ಫೋನಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದವನು ಅಣ್ಣ ಒಳಗೆ ಬಂದರೆ ಇಟ್ಟುಬಿಡುತ್ತಿದ್ದ. ದೊಡ್ಡ ರಸ್ತೆಯಲ್ಲಿ ಗಾಜಿನ ಬಾಗಿಲಿನ ಸಲೂನು ತೆರೆದವರು ತಮ್ಮನನ್ನು ಕೆಲಸಕ್ಕೆ ಕರೆದಿದ್ದರು, ಅವನು ಹೋಗಿರಲಿಲ್ಲ. ಯಾಕೆ ಹೋಗಲಿಲ್ಲ? ಆಗ ಅಣ್ಣ ಅದನ್ನು ಪ್ರೀತಿ ಅಂದುಕೊಂಡಿದ್ದ. ಈಗ ಲೆಕ್ಕ ಬೇರೆಯಾಗಿ ಕಂಡಿತು. ಅಣ್ಣನ ಕೈ ಒಮ್ಮೆ ನಡುಗಿದರೆ ಸಾಕು, ಬೆಳಕಿನ ಕುರ್ಚಿ ಕೂತಲ್ಲೇ ಸಿಗುತ್ತದೆ.

ಪತ್ತೆ ಹಚ್ಚಲು ಅವನು ತನ್ನ ಕಸುಬಿನ ಉಪಾಯವನ್ನೇ ಮಾಡಿದ. ತಮ್ಮ ಹೊಸ ಡಬ್ಬಿ ತಂದು ಫ್ರಿಜ್ಜಿನಲ್ಲಿಟ್ಟ ದಿನ, ಅಂಗಡಿಯ ನೆಲದಿಂದ ಉದ್ದನೆಯ ಒಂದು ಕೂದಲು ಹೆಕ್ಕಿ, ಶೇವಿಂಗ್ ಸೋಪಿನ ಬೊಟ್ಟಿಟ್ಟು, ಡಬ್ಬಿಯ ಮುಚ್ಚಳಕ್ಕೆ ಅಡ್ಡಲಾಗಿ ಅಂಟಿಸಿದ. ಬೀದಿಯ ಯಾರದೋ ತಲೆಯ ಕೂದಲು ಅವನ ಮನೆಯಲ್ಲಿ ಕಾವಲಿಗೆ ನಿಂತಿತು. ಎರಡು ದಿನ ಕೂದಲು ಇದ್ದಲ್ಲೇ ಇತ್ತು. ಮೂರನೇ ಬೆಳಿಗ್ಗೆ ಇರಲಿಲ್ಲ. ಡಬ್ಬಿಯ ಸೀಲು ಕಿತ್ತಿತ್ತು.

ಹೆಂಡತಿಯನ್ನು ಕೇಳಿದ. ಅವಳು ಮುಟ್ಟಿರಲಿಲ್ಲ. ಎರಡೆರಡು ಮೆಟ್ಟಿಲು ದಾಟಿಕೊಂಡು ಕೆಳಗಿನ ಅಂಗಡಿಗೆ ಬಂದ. ಕೋಪ ಅಂತ ಅವನು ಅಂದುಕೊಂಡ. ನಿಜಕ್ಕೂ ಅದು ಭಯ. ತಮ್ಮ ಅಲ್ಲಿ, ಬೀದಿಯ ಪೇಪರ್ ಅಂಗಡಿಯವರ ಅರ್ಧ ಮುಖಕ್ಕೆ ಸೋಪು ಹಚ್ಚಿ ನಿಂತಿದ್ದ. ಇವರ ಕಿವಿಗೆ ಬೆಳಿಗ್ಗೆ ಬಿದ್ದದ್ದು ಮಧ್ಯಾಹ್ನದೊಳಗೆ ಬೀದಿಯ ಕೊನೆಯ ಮನೆ ತಲುಪುತ್ತದೆ. ಅಣ್ಣನಿಗೆ ಅದು ಗೊತ್ತಿದ್ದೂ ತಡೆದುಕೊಳ್ಳಲಾಗಲಿಲ್ಲ.

"ನನ್ನ ಡಬ್ಬಿಗೆ ಯಾಕೆ ಕೈ ಹಾಕ್ದೆ?"

ತಮ್ಮನ ಬ್ರಷ್ಷು ನಿಂತಿತು. ಅವನು ಕನ್ನಡಿಯಲ್ಲಿ ಪೇಪರ್ ಅಂಗಡಿಯವರನ್ನು ನೋಡಿದ, ಆಮೇಲೆ ಅಣ್ಣನನ್ನು.

"ಆಮೇಲೆ ಹೇಳ್ತೀನಿ ಅಣ್ಣ."

"ಕದ್ದೋರಿಗೇ ಆಮೇಲೆ ಅನ್ನೋದು ಬೇಕಾಗೋದು. ಇವರ ಎದುರಿಗೇ ಹೇಳು."

ತಮ್ಮ ಮತ್ತೆ ಬ್ರಷ್ಷು ಅದ್ದಿದ. ಅಷ್ಟೇನೂ ಅವಸರವಿಲ್ಲದೆ ಉಳಿದರ್ಧ ಮುಖಕ್ಕೆ ಸೋಪು ಹಚ್ಚಿದ, ಶೇವ್ ಮಾಡಿದ, ಟವೆಲ್ಲಿನಿಂದ ಒರೆಸಿದ. ಪೇಪರ್ ಅಂಗಡಿಯವರು ಬಾಯಿಗೆ ಬೀಗ ಹಾಕಿಕೊಂಡು ಎದ್ದು ಹೋದರು, ಕಿವಿ ಮಾತ್ರ ಬಾಗಿಲಲ್ಲಿ ಸ್ವಲ್ಪ ಹೊತ್ತು ಉಳಿಯಿತು. ತಮ್ಮ ತನ್ನ ಕತ್ತರಿಯನ್ನು ಒರೆಸಿ ಜೇಬಿಗಿಟ್ಟುಕೊಂಡು ಹೊರಗೆ ನಡೆದ. ಮರುದಿನ ಗಾಜಿನ ಬಾಗಿಲಿನ ಸಲೂನಿನಲ್ಲಿ ನಿಂತಿದ್ದಾನೆಂದು ಸುದ್ದಿ ಬಂತು.

ಸುದ್ದಿ ಇನ್ನೂ ಒಂದು ಬಂತು. ಸಣ್ಣ ಕತ್ತರಿ ಅಣ್ಣನ ದುಡ್ಡಿನ ಡಬ್ಬಿಗೆ ಕೈ ಹಾಕಿದನಂತೆ, ಒಡಹುಟ್ಟಿದವನಿಗೇ ಟೋಪಿ ಹಾಕಿದನಂತೆ. ಕೂತ ಗಿರಾಕಿಗಳೆಲ್ಲ ಅಯ್ಯೋ ಪಾಪ ಎಂದು ಅಣ್ಣನ ಮುಖ ನೋಡುತ್ತಿದ್ದರು. ದುಡ್ಡಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾರೆ. ಅವನು ತಿದ್ದಲಿಲ್ಲ. ಅದಕ್ಕೆ ಅವನಿಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೆ ಸ್ವಲ್ಪ ನೆಮ್ಮದಿಯೂ ಆಯಿತು. ಹೆಂಡತಿ ಆ ದಿನಗಳಲ್ಲಿ ಗುಂಡಿ ಹಾಕಿಕೊಡುತ್ತಿದ್ದಳು, ಮಾತಾಡುತ್ತಿರಲಿಲ್ಲ.

ಸೀಲು ಕಿತ್ತ ಡಬ್ಬಿಯನ್ನು ಅವನು ಮುಟ್ಟಲಿಲ್ಲ. ತಾನೇ ಆಸ್ಪತ್ರೆಗೆ ಹೋಗಿ ಹೊಸದು ತಂದ. ಬಸ್ಸಿನಲ್ಲಿ ತಂಪು ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಕೂತಿದ್ದ. ಈ ಸಲ ಯಾರ ಕೈಯೂ ಸೋಕಿಲ್ಲ, ಈ ಸಲ ನೋಡೋಣ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಶಟರ್ ಎಳೆದು ದೀಪ ಹಾಕಿದ. ನೋಡುವವರು ಅಂಗಡಿಯಲ್ಲಿ ಇನ್ಯಾರೂ ಇರಲಿಲ್ಲವಾದ್ದರಿಂದ ಹಿಂದಿನ ಕೋಣೆಗೆ ಹೋಗದೆ ಬೆಳಕಿನ ಕುರ್ಚಿಯಲ್ಲೇ ಕೂತ. ಆ ಕುರ್ಚಿಯ ಹಿಂದೆ ನಿಂತವನೇ ಹೊರತು ಅದರಲ್ಲಿ ಕೂತವನಲ್ಲ ಅವನು. ಸೀಲು ನೋಡಿದ, ಕಿತ್ತ. ಮುಚ್ಚಳ ತೆಗೆದು ಪೆನ್ನನ್ನು ತೊಡೆಗೆ ಒತ್ತಿ, ಎಂದಿನಂತೆ ಮುಖ ಎತ್ತಿ ಬೇರೆ ಕಡೆ ನೋಡಿದ. ಬೇರೆ ಕಡೆ ಕನ್ನಡಿ ಇತ್ತು.

ಗುಂಡಿ ಅದುಮಿದ. ಕ್ಲಿಕ್ ಅಂದಿತು, ಚುರುಕ್ ಎಂದು ಚುಚ್ಚಿತು, ತೊಡೆಯ ಚರ್ಮ ಒಮ್ಮೆ ಅದುರಿತು. ಕನ್ನಡಿಯಲ್ಲಿದ್ದ ಕೈ ಥಟ್ಟನೆ ಮೇಲೆ ಎದ್ದಿತು.

ಅವನು ಎತ್ತಿರಲಿಲ್ಲ. ಅಥವಾ ಎತ್ತಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಪೆನ್ನು ಗಾಳಿಯಲ್ಲಿ ನಿಂತು ಮದ್ದು ಕಾರುತ್ತಿತ್ತು; ಹನಿಗಳು ತೊಡೆಯ ಮೇಲಿಂದ ಇಳಿದು ಪ್ಯಾಂಟಿನ ಅಂಚಿಗೆ ಇಂಗಿದವು. ಆಮೇಲೆ, ಎಲ್ಲ ಸರಿಯಾಗಿ ನಡೆದ ಹಾಗೆ, ಎರಡನೇ ಕ್ಲಿಕ್ ಅಂದಿತು. ಕಿಟಕಿ ಹಳದಿಯಾಯಿತು.

ಆ ಕೈಯ ಗುರುತು ಅವನಿಗಿತ್ತು. ಅಪ್ಪ ಕಲಿಸಿದ ಮೊದಲ ಪಾಠ ಅದು, ಅವನು ತಮ್ಮನಿಗೆ ಕಲಿಸಿದ್ದೂ ಅದೇ. ಗಿರಾಕಿಯ ಚರ್ಮ ಅದುರಿದರೆ ಕತ್ತಿ ಗಾಳಿಯಲ್ಲಿರಬೇಕು, ಯೋಚನೆ ಆಮೇಲೆ. ಆಟದ ಪೆನ್ನಿಗೆ ಸೂಜಿಯಿರಲಿಲ್ಲ; ಚುಚ್ಚಲಿಲ್ಲ, ಚರ್ಮ ಅದುರಲಿಲ್ಲ, ಕೈ ಏಳಲಿಲ್ಲ. ಸಿಸ್ಟರು ಹೊಗಳಿದ ಅದೇ ಕೈ ಪ್ರತಿ ಸಲ ಅವನ ಮದ್ದನ್ನು ಪ್ಯಾಂಟಿಗೆ ಕುಡಿಸಿತ್ತು. ಅವನು ಒದ್ದೆ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದ. ಕದ್ದೋರು ಎಂದು ಅಂದ ಮಾತು ಅವನದೇ ದನಿಯಲ್ಲಿ ಮತ್ತೆ ಮತ್ತೆ ಕೇಳಿಸಿತು.

ಆ ಸಂಜೆಯೇ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದ. ಸಾಲಿನಲ್ಲಿ ಕೊನೆಯ ಕುರ್ಚಿ ತಮ್ಮನದು. ತನ್ನ ಸರದಿ ಬರುವವರೆಗೂ ಕಾದು, ಹೋಗಿ ಕೂತು, ಶೇವಿಂಗ್ ಅಂದ. ತಮ್ಮ ಯಾವ ಗಿರಾಕಿಗೋ ಎಂಬಂತೆ ಬಟ್ಟೆ ಹೊದಿಸಿದ, ಸೋಪು ಹಚ್ಚಿದ, ಗದ್ದ ಎತ್ತಿ ಹಿಡಿದ. ಕತ್ತಿ ಕುತ್ತಿಗೆಯ ಹತ್ತಿರ ಬಂದಾಗ ಅಣ್ಣ ಕಣ್ಣು ಮುಚ್ಚಿಕೊಂಡು ಹೇಳಿದ.

"ಚುಚ್ಚಿದ ತಕ್ಷಣ ಕೈ ಎತ್ತಿಬಿಡ್ತೀನಿ ಕಣೋ. ಇವತ್ತು ಕಂಡೆ."

"ಗೊತ್ತು. ಪ್ಯಾಂಟು ಒದ್ದೆ ಅಂತ ಅತ್ತಿಗೆ ಹತ್ರ ಕೂಗಾಡ್ತಿದ್ದೆಯಲ್ಲ, ಅದಕ್ಕೇ ಡಬ್ಬಿ ತೆಗೆದು ಆ ಕಾಗದ ಓದ್ದೆ. ಬೇಗ ಎತ್ತಿದ್ರೆ ಹೊರಗೆ ಚೆಲ್ಲುತ್ತೆ ಅಂತ ಬರೆದಿದೆ. ಸಿಸ್ಟರಿಗೂ ಫೋನ್ ಮಾಡಿ ಕೇಳಿದ್ದೆ."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

ತಮ್ಮ ಕತ್ತಿಯ ಸೋಪನ್ನು ಒರೆಸಿದ.

"ಪೇಪರ್ ಅಂಗಡಿಯವರು ಕೂತಿದ್ರಲ್ಲ ಅಣ್ಣ."

ಅಷ್ಟೇ. ಮುಖದ ಮೇಲೆ ಸೋಪಿದ್ದದ್ದು ಒಳ್ಳೆಯದಾಯಿತು, ಅಣ್ಣನ ಮುಖ ಅಲ್ಲಿ ಯಾರಿಗೂ ಸರಿಯಾಗಿ ಕಾಣಲಿಲ್ಲ.

ಮರುದಿನ ಅವನು ಪೇಪರ್ ಅಂಗಡಿಯವರನ್ನು ಕೂರಿಸಿಕೊಂಡು, ಬಾಯಿ ಬಿಟ್ಟು, ಬೆರಳಿನ ಕಥೆಯನ್ನೂ ಪೆನ್ನಿನ ಕಥೆಯನ್ನೂ ಹೇಳಿಬಿಟ್ಟ. ದುಡ್ಡಲ್ಲ, ಕಳ್ಳತನವಲ್ಲ, ತನ್ನದೇ ತಪ್ಪು. ಮಧ್ಯಾಹ್ನದೊಳಗೆ ಬೀದಿಗೆ ತಿಳಿಯಿತು. ಕೆಲವರು ಶೇವಿಂಗಿಗೆ ಬರುವುದು ಬಿಟ್ಟರು, ಕೆಲವರು ಧೈರ್ಯ ಮಾಡಿ ಬಂದು ಬಿಗಿಯಾಗಿ ಕೂತರು.

ಹದಿನೈದು ದಿನಕ್ಕೆ ತಮ್ಮ ಬಂದ. ಅಣ್ಣ ಬೆಳಕಿನ ಕುರ್ಚಿಯಲ್ಲಿ ಕೂತ, ಪೆನ್ನು ತೊಡೆಗಿಟ್ಟ. ಪೆನ್ನು ಹಿಡಿದ ಕೈಯ ಮೇಲೆ ತಮ್ಮ ತನ್ನ ಅಂಗೈ ಇಟ್ಟು ಒತ್ತಿ ಹಿಡಿದ. ಚುಚ್ಚಿತು, ಕೆಳಗಿನ ಕೈ ಏಳಲು ನೋಡಿತು, ಮೇಲಿನ ಕೈ ಬಿಡಲಿಲ್ಲ. ಎರಡನೇ ಕ್ಲಿಕ್ಕಿಗೆ ಚರ್ಮ ಒಣಗಿಯೇ ಇತ್ತು. ಕೆಲವು ತಿಂಗಳಿಗೆ ಅಣ್ಣ ಅಂಗಿಯ ಗುಂಡಿ ತಾನೇ ಹಾಕಿಕೊಂಡ, ಬಿಟ್ಟುಹೋದ ಗಿರಾಕಿಗಳಲ್ಲಿ ಕೆಲವರು ಏನೂ ಆಗದವರಂತೆ ವಾಪಸು ಬಂದರು.

ವಾಪಸು ಬಾ, ಬೆಳಕಿನ ಕುರ್ಚಿ ನೀನೇ ತಗೋ ಎಂದು ತಮ್ಮನನ್ನೂ ಕೇಳಿದ. ತಮ್ಮ ನಕ್ಕು, ನೋಡೋಣ ಅಣ್ಣ ಅಂದ. ಅವನ ಕುರ್ಚಿಯ ಮೇಲೆ ಈಗ ಟವೆಲ್ಲುಗಳ ರಾಶಿ ಬೆಳೆದಿದೆ. ಆದರೆ ಇಂಜೆಕ್ಷನ್ ದಿನ ಮಾತ್ರ ಅವನು ತಪ್ಪಿಸುವುದಿಲ್ಲ. ದೊಡ್ಡ ರಸ್ತೆಯಿಂದ ನಡೆದು ಬರುತ್ತಾನೆ, ಶಟರ್ ಎಳೆಯುತ್ತಾನೆ, ಅತ್ತಿಗೆಯಿಂದ ಡಬ್ಬಿ ಇಸಿದುಕೊಂಡು ಬಂದು ಅಣ್ಣನ ಮುಂದೆ ಹಿಡಿಯುತ್ತಾನೆ.

"ಸೀಲ್ ನೋಡ್ಕೋ."

ಬೇಡ ಕಣೋ ಎನ್ನುತ್ತಾನೆ ಅಣ್ಣ, ಪ್ರತಿ ಸಲ. ತಮ್ಮನ ದನಿಯಲ್ಲಿ ಸಿಟ್ಟಿಲ್ಲ, ಕೊಂಕಿಲ್ಲ. ಸುಮ್ಮನೆ ಡಬ್ಬಿ ಹಿಡಿದುಕೊಂಡು ಕಾಯುತ್ತಾನೆ. ಕೊನೆಗೆ ಅಣ್ಣ ಬಗ್ಗಿ ಸೀಲು ನೋಡುತ್ತಾನೆ, ಸರಿ ಇದೆ ಅನ್ನುತ್ತಾನೆ. ಆಮೇಲೆಯೇ ತಮ್ಮ ಅದನ್ನು ಬಿಚ್ಚುತ್ತಾನೆ.