ಮೂರನೇ ಟೈಗರ್

"ನಿಮ್ಮ ನಾಯಿಗೆ ಹದಿನೇಳು ವರ್ಷವೇ?"

ಫೋನಿನಲ್ಲಿ ಈ ಪ್ರಶ್ನೆ ಬಂದಾಗ ತನ್ಮಯೀ ಹೆಡ್‌ಫೋನ್ ಹಾಕಿಕೊಂಡು, ಯಾರೋ ಒಬ್ಬರು ಬ್ಯಾಂಕಿನವರ ಜೊತೆ ಜಗಳವಾಡಿದ್ದನ್ನು ಅಕ್ಷರಕ್ಕಿಳಿಸುತ್ತಿದ್ದಳು. ಅದೇ ಅವಳ ಕೆಲಸ. ಬೆಂಗಳೂರಿನ ಕಂಪೆನಿಯೊಂದು ದಿನವೂ ಕನ್ನಡದ ಧ್ವನಿಮುದ್ರಣಗಳನ್ನು ಕಳಿಸುತ್ತದೆ, ಅವಳು ಕೇಳಿ ಕೇಳಿ ಟೈಪ್ ಮಾಡುತ್ತಾಳೆ. ಎಲ್ಲಿ ಕೂತು ಮಾಡಿದರೂ ಅವರಿಗೆ ಚಿಂತೆಯಿಲ್ಲ, ಇಂಟರ್‌ನೆಟ್ ಇದ್ದರೆ ಸಾಕು. ಒಂಬತ್ತು ವರ್ಷದಿಂದ ಅವಳು ಕೂತದ್ದು ಮಾತ್ರ ಒಂದೇ ಕಡೆ, ಕಡಬ ಪೇಟೆಯಲ್ಲಿ ರಾಜೀವಿ ದೊಡ್ಡಮ್ಮನ ಟೈಲರಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ.

ಅವಳು ಬಾಡಿಗೆಗೆ ಕೇಳಿದ್ದ ಮನೆಯ ಒಡತಿಯಿಂದ ಎರಡನೇ ಸಂದೇಶ ಬಂತು. "ಲಸಿಕೆಯ ಪುಸ್ತಕದಲ್ಲಿ ಬಿಳಿ ಬಣ್ಣದ ಗಂಡು ನಾಯಿ ಎಂದಿದೆ. ನೀವು ಕಳಿಸಿದ ಫೋಟೋದಲ್ಲಿ ಕಂದು ನಾಯಿ ಇದೆ. ದಯವಿಟ್ಟು ವಿವರಿಸಿ."

ತನ್ಮಯೀ ಮೇಜಿನ ಕೆಳಗೆ ಬಗ್ಗಿ ನೋಡಿದಳು. ಅವಳ ಕಾಲಿನ ಮೇಲೆ ಗದ್ದವಿಟ್ಟು ಮಲಗಿದ್ದ ಟೈಗರ್ ಯಾವ ಕಡೆಯಿಂದ ನೋಡಿದರೂ ಕಂದು ಬಣ್ಣದ್ದೇ. ಹೆಣ್ಣು. ವಯಸ್ಸು ಆರು. ಮಳೆಗಾಲದಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಮುದ್ದೆಯಾಗಿ ಬಿದ್ದಿದ್ದ ಮರಿಯನ್ನು ಶಾಲಿನಲ್ಲಿ ಸುತ್ತಿ ತಂದವಳು ಅವಳೇ, ಲೆಕ್ಕ ತಪ್ಪುವ ಪ್ರಶ್ನೆಯೇ ಇಲ್ಲ.

ಅವಳು ಪುಸ್ತಕವನ್ನು ಹುಡುಕಿ ತೆಗೆದಳು. ಅವಸರದಲ್ಲಿ ಫೋಟೋ ಹೊಡೆದು ಕಳಿಸಿದ್ದಳೇ ಹೊರತು ಮೊದಲ ಪುಟವನ್ನು ಓದಿರಲಿಲ್ಲ. ಈಗ ಓದಿದಳು. ನಾಯಿಯ ಹೆಸರು: ಟೈಗರ್. ಹುಟ್ಟಿದ ವರ್ಷ: 2009. ಬಣ್ಣ: ಬಿಳಿ. ಮಾಲಕರು: ರಾಧಾಕೃಷ್ಣ. ರಾಧಾಕೃಷ್ಣ ಎಂದರೆ ದೊಡ್ಡಪ್ಪ. ಅವರು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

"ದೊಡ್ಡಮ್ಮಾ!" ಅವಳ ಕೂಗಿಗೆ ಮುಂದಿನ ಕೋಣೆಯಲ್ಲಿ ಹೊಲಿಗೆ ಕಲಿಯುತ್ತಿದ್ದ ಹುಡುಗಿಯರ ಮೆಷಿನುಗಳು ಒಮ್ಮೆಲೇ ನಿಂತವು.

ದೊಡ್ಡಮ್ಮ ಕುತ್ತಿಗೆಯಲ್ಲಿ ಟೇಪು ನೇತುಹಾಕಿಕೊಂಡೇ ಬಂದರು. ಪುಸ್ತಕ ನೋಡಿದರು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಹೌದು, ಅದೇ ಪುಸ್ತಕ. ಸರಿ ಉಂಟಲ್ಲ?"

"ಎಂತ ಸರಿ? ಇದು ಇವಳದ್ದಲ್ಲ. ಆ ಬಿಳಿ ಟೈಗರಿನದ್ದು."

"ಬಿಳಿ ಟೈಗರ್ ಸತ್ತ ಮೇಲೆ ಕಪ್ಪು ಟೈಗರ್ ಬಂತು. ಅದು ಹೋದ ಮೇಲೆ ಇದು. ಹೆಸರು ಒಂದೇ ಅಲ್ವಾ? ಮನೆಯೂ ಒಂದೇ. ಪುಸ್ತಕದಲ್ಲಿ ಪುಟ ಖಾಲಿ ಇತ್ತು, ಬಿಸಾಡುದು ಯಾಕೆ? ಕ್ಯಾಂಪಿನವರು ಸೂಜಿ ಹಾಕಿ ಕೆಳಗಿನ ಗೆರೆಯಲ್ಲಿ ಸೀಲು ಒತ್ತಿ ಕೊಡ್ತಿದ್ರು. ಯಾರೂ ಎಂತ ಕೇಳ್ಲಿಲ್ಲ."

ಇದನ್ನು ದಡ್ಡತನ ಎನ್ನುವಂತಿಲ್ಲ. ಆ ಮನೆಯಲ್ಲಿ ಕಾವಲು ನಾಯಿ ಎಂದರೆ ಒಂದು ಹುದ್ದೆ. ಒಬ್ಬರು ನಿವೃತ್ತರಾದರೆ ಇನ್ನೊಬ್ಬರು ಅದೇ ಹೆಸರಿನಲ್ಲಿ ಬಂದು ಕೂರುತ್ತಾರೆ. ದೊಡ್ಡಮ್ಮ ಗಿರಾಕಿಗಳ ಅಳತೆ ಬರೆಯುವ ಪುಸ್ತಕವನ್ನೂ ಕೊನೆಯ ರಟ್ಟಿನವರೆಗೆ ತುಂಬಿಸಿಯೇ ಬಿಡುವವರು. ಆದರೆ ತನ್ಮಯೀಗೆ ಆ ಹೊತ್ತಿನಲ್ಲಿ ನಗು ಬರಲಿಲ್ಲ, ಅಳು ಬಂತು. ನಾಲ್ಕು ತಿಂಗಳ ಹುಡುಕಾಟ ಒಂದು ಹಳದಿ ಪುಸ್ತಕದ ಮೊದಲ ಪುಟದಲ್ಲಿ ಮುಗ್ಗರಿಸಿ ಬಿದ್ದಿತ್ತು.

ನಾಲ್ಕು ತಿಂಗಳು ಅವಳು ಕಡಲ ಪಕ್ಕದ ಬಾಡಿಗೆ ಮನೆಗಳನ್ನು ನೋಡಿದ್ದೇ ನೋಡಿದ್ದು. ವಿಯೆಟ್ನಾಮಿನಲ್ಲಿ ಒಂದು ಮನೆ ಚೆನ್ನಾಗಿತ್ತು, ನಾಯಿ ಐದು ಕಿಲೋದೊಳಗೆ ಇರಬೇಕಂತೆ. ಐದು ಕಿಲೋದ್ದು ನಾಯಿಯಲ್ಲ, ಹೆಗ್ಗಣ. ಬಾಲಿಯಲ್ಲಿ ಮನೆಯವನೊಬ್ಬ ಮನುಷ್ಯರಿಗಿಂತ ನಾಯಿಗೇ ಹೆಚ್ಚು ಬಾಡಿಗೆ ಕೇಳಿದ. ಥಾಯ್ಲೆಂಡಿನ ಮನೆಗೆ ನಾಯಿ ಬರಬಹುದಿತ್ತು, ಇಂಟರ್‌ನೆಟ್ ಬರುತ್ತಿರಲಿಲ್ಲ. ಕೊನೆಗೆ ಸಿಕ್ಕಿದ್ದು ಶ್ರೀಲಂಕಾದ ದಕ್ಷಿಣ ತೀರದಲ್ಲಿ ಒಬ್ಬ ನಿವೃತ್ತ ಟೀಚರಮ್ಮನ ಚಿಕ್ಕ ಮನೆ. ಅವರಿಗೂ ಎರಡು ನಾಯಿಗಳಿದ್ದವು. ಬಾಡಿಗೆ ಅವಳ ಕೈಗೆಟಕುವಂತಿತ್ತು. ಫೆಬ್ರವರಿ ಒಂದರಿಂದ ಒಂದು ತಿಂಗಳು.

"ಪಣಂಬೂರಿನಲ್ಲಿ ಸಮುದ್ರ ಇಲ್ವಾ?" ಎಂದು ಕೇಳದವರು ಕಡಬದಲ್ಲಿ ಯಾರೂ ಉಳಿದಿರಲಿಲ್ಲ. ತನ್ಮಯೀ ಎಲ್ಲರಿಗೂ ನಕ್ಕು ಸುಮ್ಮನಾಗಿದ್ದಳು. ಹೇಳಿದರೆ ಉದ್ದವಾಗುತ್ತಿತ್ತು. ಅಪ್ಪನ ಮನೆ, ಹಾಸ್ಟೆಲು, ಮೂರು ವರ್ಷಕ್ಕೆ ಮುಗಿದ ಗಂಡನ ಮನೆ, ಆಮೇಲೆ ದೊಡ್ಡಮ್ಮನ ಮನೆ. ಮೂವತ್ತೇಳು ವರ್ಷದಲ್ಲಿ ಅವಳು ಒಂದು ರಾತ್ರಿಯೂ ತಾನೇ ಬಾಗಿಲು ತೆರೆದು ತಾನೇ ಮುಚ್ಚುವ ಮನೆಯಲ್ಲಿ ಮಲಗಿದವಳಲ್ಲ. ಪಣಂಬೂರಿಗೆ ಹೋದರೆ ಐಸ್‌ಕ್ರೀಮಿನವನೂ "ನೀವು ಕಡಬದ ರಾಧಾಕೃಷ್ಣಣ್ಣನ ಕಡೆಯವರಲ್ವಾ? ಮತ್ತೆ ಗಂಡನ ಮನೆಗೆ ಹೋಗ್ಲಿಲ್ವಾ?" ಎಂದು ಕೇಳುತ್ತಾನೆ. ಅವಳಿಗೆ ಬೇಕಾದದ್ದು ಯಾರ ಕಡೆಯವಳೂ ಅಲ್ಲದ ಒಂದು ತಿಂಗಳು. ಟೈಗರ್ ಇಲ್ಲದೆ ಆ ತಿಂಗಳು ಬೇಡ. ಬದುಕಿನಲ್ಲಿ ಅವಳು ಯಾರನ್ನೂ ಕೇಳದೆ ತಂದುಕೊಂಡದ್ದು ಆ ನಾಯಿ ಒಂದನ್ನೇ.

ಅವಳು ಟೀಚರಮ್ಮನಿಗೆ ನಡೆದದ್ದನ್ನು ನಡೆದ ಹಾಗೆ ಬರೆದಳು. ಮೂರು ನಾಯಿ, ಒಂದು ಹೆಸರು, ಒಂದು ಪುಸ್ತಕ.

ಒಂದು ಗಂಟೆಯ ನಂತರ ಉತ್ತರ ಬಂತು. ಅವರು ನಕ್ಕಿದ್ದರು, ಆದರೆ ಒಪ್ಪಿರಲಿಲ್ಲ. ಹೋದ ವರ್ಷ ಅವರ ಬಾಡಿಗೆದಾರರೊಬ್ಬರ ನಾಯಿಯ ಕಾಗದಪತ್ರ ಹೊಂದಲಿಲ್ಲವೆಂದು ಅದನ್ನು ಬಂದಿಳಿದ ಕಡೆಯೇ ಒಂಬತ್ತು ದಿನ ಬೋನಿನಲ್ಲಿಟ್ಟಿದ್ದರಂತೆ. ಅದು ಊಟ ಬಿಟ್ಟಿತ್ತು. "ಆ ನಾಯಿಯನ್ನು ನೋಡಲು ನಾನೂ ಹೋಗಿದ್ದೆ. ಇನ್ನೊಮ್ಮೆ ಅಂಥದ್ದನ್ನು ನೋಡಲಾರೆ. ಶುಕ್ರವಾರದೊಳಗೆ ಸರಿಯಾದ ಕಾಗದ ಕಳಿಸಿ. ಇಲ್ಲವಾದರೆ ಫೆಬ್ರವರಿಗೆ ಕೇಳುತ್ತಿರುವ ಬೇರೆಯವರಿಗೆ ಕೊಡುತ್ತೇನೆ."

ಮರುದಿನ ಬೆಳಿಗ್ಗೆ ತನ್ಮಯೀ ರಜೆ ಹಾಕಿ ಡೊಂಬಯ್ಯನ ಓಮ್ನಿ ಹತ್ತಿದಳು. ನಾಯಿಯ ಚರ್ಮದಡಿ ಗುರುತಿನ ಚಿಪ್ ಹಾಕುವ ಡಾಕ್ಟರು ಪುತ್ತೂರಿನಲ್ಲಿದ್ದರು. ಡೊಂಬಯ್ಯ ಕಡಬ ಸ್ಟ್ಯಾಂಡಿನ ಹಳೆಯ ಡ್ರೈವರು. ಹೆರಿಗೆಯಿಂದ ಹಿಡಿದು ಕೋರ್ಟಿನವರೆಗೆ ಎಲ್ಲ ಬಾಡಿಗೆಗೂ ಹೋದವನು, ಎಲ್ಲದರಲ್ಲೂ ಒಂದು ಅಭಿಪ್ರಾಯ ಇದ್ದವನು. ಟೈಗರ್ ಹಿಂದಿನ ಸೀಟಿನಲ್ಲಿ ನಿಂತು ಅವನ ಕುತ್ತಿಗೆಗೆ ಉಸಿರು ಬಿಡುತ್ತಿತ್ತು. ಆಲಂಕಾರು ದಾಟುವಷ್ಟರಲ್ಲಿ ಅವನು ಇಡೀ ಕತೆ ಕೇಳಿ ಮುಗಿಸಿದ್ದ.

"ಇಷ್ಟಕ್ಕೆ ಯಾಕೆ ತಲೆಬಿಸಿ ಮಾರಾಯ್ರೆ? ಹೊಸ ಪುಸ್ತಕ ತಕೊಳ್ಳುದು, ಹಳೆ ತಾರೀಕು ಹಾಕುದು. ಅದನ್ನೆಲ್ಲ ಮಾಡಿ ಕೊಡುವ ಒಬ್ಬ ನನ್ನ ಗುರ್ತದವ ಇದ್ದಾನೆ. ಸೀಲು ಸಮೇತ. ಸಂಜೆಯೊಳಗೆ ನಿಮ್ಮ ಕೈಯಲ್ಲಿರ್ತದೆ."

ಓಮ್ನಿ ಶಾಂತಿಮೊಗರು ಸೇತುವೆಗೆ ಬಂತು. ಕೆಳಗೆ ಕುಮಾರಧಾರೆ ಚಳಿಗಾಲದ ನಿಧಾನದಲ್ಲಿ ಹರಿಯುತ್ತಿತ್ತು. ನಿಜ ಹೇಳಬೇಕೆಂದರೆ ತನ್ಮಯೀಗೆ ಆಸೆಯಾಯಿತು, ಬಹಳ ಆಸೆಯಾಯಿತು. ಸೂಜಿ ಹೇಗೂ ಹಾಕಿಸಿದ್ದೇ. ಸುಳ್ಳು ಎಂದರೆ ಕಾಗದದಲ್ಲಿ ಮಾತ್ರ. ಫೆಬ್ರವರಿ ಒಂದು, ಫೋಟೋದಲ್ಲಿ ಕಂಡ ಆ ಮನೆಯ ನೀಲಿ ಬಾಗಿಲು, ಅದರೆದುರು ಮರಳು. ಸೇತುವೆ ಮುಗಿಯುವವರೆಗೆ ಅವಳು ಆ ಬಾಗಿಲನ್ನೇ ನೋಡುತ್ತಿದ್ದಳು.

"ಸಿಕ್ಕಿಬಿದ್ರೆ?" ಎಂದು ಕೇಳಿದಳು.

"ಸಿಕ್ಕಿಬಿದ್ರೆ ನಿಮಗೆ ಎಂತ ಮಾಡ್ತಾರೆ? ಜಾಸ್ತಿ ಅಂದ್ರೆ ಒಂದು ದಂಡ."

"ನನಗಲ್ಲ ಡೊಂಬಯ್ಯ. ಬೋನಿಗೆ ಹಾಕುದು ಇವಳನ್ನು. ನೀವು ಸೀದಾ ಪುತ್ತೂರಿಗೆ ಬಿಡಿ."

ಡಾಕ್ಟರ್ ಫೌಝಿಯಾ ಚಿಕ್ಕ ವಯಸ್ಸಿನವಳು. ಹಳದಿ ಪುಸ್ತಕದ ಮೊದಲ ಪುಟ ಓದಿ, ಟೈಗರನ್ನು ನೋಡಿ, ಮತ್ತೆ ಪುಟ ನೋಡಿ, ನಗು ತಡೆಯಲಾಗದೆ ಮುಖ ತಿರುಗಿಸಿದಳು.

"ನಿಮ್ಮ ಮನೆಯೊಂದೇ ಅಲ್ಲ ಅಕ್ಕ. ಹೋದ ತಿಂಗಳು ಒಬ್ಬರು ಹಾಲು ಕರೆಯುವ ದನದ ವಿಮೆಗೆ ಅದರ ಅಜ್ಜಿಯ ಕಾಗದ ತಂದಿದ್ರು," ಎಂದಳು. ಆಮೇಲೆ ಗಂಭೀರವಾದಳು. "ಹಳೆ ಸೂಜಿ ಯಾವುದೂ ಲೆಕ್ಕಕ್ಕೆ ಬರುದಿಲ್ಲ. ಮೊದಲು ಚಿಪ್, ಅದರ ಮೇಲೆ ಲಸಿಕೆ, ಮತ್ತೆ ಮೂವತ್ತು ದಿನ ಕಾಯ್ಬೇಕು. ಆಮೇಲೆ ರಕ್ತದ ರಿಪೋರ್ಟು, ಆ ದೇಶದ ಅನುಮತಿ. ಎಷ್ಟು ಓಡಿದ್ರೂ ಮಾರ್ಚ್ ಮುಗೀತದೆ."

"ಫೆಬ್ರವರಿಗೆ ಏನೂ ದಾರಿ ಇಲ್ವಾ?"

"ಸರಿಯಾದ ದಾರಿ ಇಲ್ಲ."

ತನ್ಮಯೀ ಮೇಜಿನ ಮೇಲೆ ನಿಂತಿದ್ದ ಟೈಗರಿನ ಕಿವಿಯ ಬುಡವನ್ನು ಉಜ್ಜಿದಳು. "ಹಾಗಾದ್ರೆ ಇವತ್ತೇ ಸುರು ಮಾಡಿ," ಎಂದಳು.

ಫೌಝಿಯಾ ಹೊಸ ಪುಸ್ತಕ ತೆರೆದಳು. ಹೆಸರು ಟೈಗರ್ ಎಂದೇ ಇರಲಿ ಎಂದಳು ತನ್ಮಯೀ. ಆರು ವರ್ಷದಿಂದ ಅದಕ್ಕೆ ಓಗೊಡುತ್ತಿರುವ ನಾಯಿಗೆ ಈಗ ಹೊಸ ಹೆಸರಿಟ್ಟು ಗೊಂದಲ ಮಾಡುವುದು ಬೇಡ. ಬಣ್ಣ, ಕಂದು. ಹೆಣ್ಣು. ಮಾಲಕರು ಎಂಬಲ್ಲಿ ಫೌಝಿಯಾ ಪೆನ್ನು ನಿಲ್ಲಿಸಿ ತಲೆಯೆತ್ತಿದಾಗ ಅವಳು ತನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿದಳು. ದಪ್ಪ ಸೂಜಿ ಚರ್ಮದೊಳಗೆ ಹೋದಾಗ ಟೈಗರ್ ಒಂದೇ ಒಂದು ಸಲ ಕುಂಯ್ ಎಂದಿತು.

ಅಲ್ಲೇ ಕ್ಲಿನಿಕ್ಕಿನ ಹೊರಗೆ, ನೆರಳಿನಲ್ಲಿ ನಿಲ್ಲಿಸಿದ್ದ ಓಮ್ನಿಯಲ್ಲಿ ಕೂತು, ಅವಳು ಟೀಚರಮ್ಮನಿಗೆ ಫೋನು ಮಾಡಿದಳು. ಬರೆದರೆ ಬೇಡ ಎನ್ನುವುದು ಸುಲಭ, ಧ್ವನಿ ಕೇಳಿದರೆ ಅಷ್ಟು ಸುಲಭವಲ್ಲ. ಒಂಬತ್ತು ವರ್ಷ ಧ್ವನಿಗಳನ್ನು ಕೇಳಿದವಳಿಗೆ ಅಷ್ಟು ಗೊತ್ತಿತ್ತು. ಫೆಬ್ರವರಿ ಬಿಟ್ಟುಕೊಡುತ್ತೇನೆ ಎಂದಳು. ಮಾರ್ಚ್ ಖಾಲಿ ಇಲ್ಲ ಎಂದರು ಅವರು. ಏಪ್ರಿಲ್‌ನಲ್ಲಿ ಅವರ ಹೊಸ ವರ್ಷ, ಮಕ್ಕಳೆಲ್ಲ ಬರುತ್ತಾರೆ.

"ಮೇ?"

"ಮೇ ತಿಂಗಳಲ್ಲಿ ಇಲ್ಲಿಗೆ ಯಾರೂ ಬರುವುದಿಲ್ಲ. ಗಾಳಿ ಶುರುವಾಗುತ್ತದೆ. ಸಮುದ್ರಕ್ಕೆ ಇಳಿಯಲು ಆಗುವುದಿಲ್ಲ."

"ನನಗೆ ಈಜಲು ಬರುವುದಿಲ್ಲ. ನಾಯಿಗೂ ಸ್ನಾನವೆಂದರೆ ಆಗದು," ಎಂದಳು ತನ್ಮಯೀ. "ಯಾರೂ ಬರದ ತಿಂಗಳಿಗೆ ಬಾಡಿಗೆ ಕಡಿಮೆ ಇರುತ್ತದಲ್ಲವೇ?"

ಆ ಕಡೆ ಟೀಚರಮ್ಮ ಗಟ್ಟಿಯಾಗಿ ನಕ್ಕರು. ಮುಕ್ಕಾಲು ಬಾಡಿಗೆಗೆ ಮೇ ತಿಂಗಳಿಡೀ ಮನೆ ಅವಳದಾಯಿತು. ಡೊಂಬಯ್ಯನಿಗೆ ಇಂಗ್ಲಿಷಿನ ಮಾತು ತಿಳಿಯದಿದ್ದರೂ ವಿಷಯ ಅರ್ಥವಾಗಿತ್ತು. "ನೀವು ಜನ ಸಾಮಾನ್ಯ ಅಲ್ಲ ಮಾರಾಯ್ರೆ," ಎಂದು ಗಾಡಿ ಸ್ಟಾರ್ಟ್ ಮಾಡಿದ.

ಅಂಗಡಿಗೆ ಮುಟ್ಟುವಾಗ ಮೂರು ಗಂಟೆ. ಹೊಲಿಗೆಯ ಹುಡುಗಿಯರು ಹೋಗಿದ್ದರು. ದೊಡ್ಡಮ್ಮ ಒಬ್ಬರೇ ಕತ್ತರಿಸುವ ಮೇಜಿನ ಮುಂದೆ ನಿಂತಿದ್ದರು. ನಿನ್ನೆಯಿಂದ ಇಬ್ಬರ ನಡುವೆ ಊಟಕ್ಕೆ ಬಾ, ಬಂದೆ ಎಂಬುದನ್ನು ಬಿಟ್ಟು ಮಾತಿರಲಿಲ್ಲ. ತನ್ಮಯೀ ಹೊಸ ಪುಸ್ತಕವನ್ನು ಮೇಜಿನ ಮೇಲಿಟ್ಟಳು. ದೊಡ್ಡಮ್ಮ ಕನ್ನಡಕ ಏರಿಸಿ ಮೊದಲ ಪುಟವನ್ನು ಪೂರ್ತಿ ಓದಿದರು. ಮಾಲಕರ ಹೆಸರಿರುವಲ್ಲಿ ಅವರ ಬೆರಳು ಒಂದು ಕ್ಷಣ ನಿಂತಿತು.

"ನಾನು ಬೇಕೂಂತ ಮಾಡಿದ್ದಲ್ಲ," ಎಂದರು.

"ಗೊತ್ತುಂಟು ದೊಡ್ಡಮ್ಮ. ಮೇ ತಿಂಗಳಿಗೆ ಸರಿಯಾಯ್ತು. ಬಾಡಿಗೆಯೂ ಕಡಿಮೆ ಮಾಡಿದ್ರು."

"ಹಾಗಾ? ಒಳ್ಳೇದಾಯ್ತು." ಅವರು ಕಪಾಟಿನಿಂದ ಬಿಳಿಯ ಮೇಲೆ ಸಣ್ಣ ಹೂವಿನ ಹತ್ತಿ ಬಟ್ಟೆಯ ಥಾನು ಇಳಿಸಿ ಮೇಜಿನ ಉದ್ದಕ್ಕೆ ಬಿಡಿಸಿದರು. ಅಂಗೈಯಿಂದ ಸುಕ್ಕು ಒರೆಸುತ್ತ, ತಲೆಯೆತ್ತದೆ ಕೇಳಿದರು, "ಆ ಮನೆಯ ಫೋಟೋ ಒಮ್ಮೆ ತೋರ್ಸು ನೋಡುವ."

ಇಷ್ಟು ತಿಂಗಳಲ್ಲಿ ಅವರು ಅದನ್ನು ಕೇಳಿರಲಿಲ್ಲ. ತನ್ಮಯೀ ಫೋನು ಕೊಟ್ಟಳು. ದೊಡ್ಡಮ್ಮ ಒಂದೊಂದನ್ನೇ ಬೆರಳಿನಿಂದ ಸರಿಸಿದರು. ಅಡುಗೆಮನೆ. ಜಗಲಿ. ಜಗಲಿಯೆದುರಿನ ತೆಂಗಿನ ಮರ, ಅದರಾಚೆಗೆ ನೀರು. ಆ ಫೋಟೋದಲ್ಲಿ ಅವರು ಬಹಳ ಹೊತ್ತು ಉಳಿದರು. ಅಂಗಡಿ ಶುರು ಮಾಡಿದ ಮೇಲೆ ಅವರು ಎರಡು ದಿನಕ್ಕಿಂತ ಹೆಚ್ಚು ಬಾಗಿಲು ಹಾಕಿದ್ದನ್ನು ತನ್ಮಯೀ ಕಂಡಿರಲಿಲ್ಲ.

"ಮಲಗುವ ಕೋಣೆಯಲ್ಲಿ ಎಷ್ಟು ಮಂಚ ಉಂಟು?"

ಕೇಳಿದ ರೀತಿ ಏನೂ ಅಲ್ಲದ ಮಾತಿನಂತಿತ್ತು. ಆದರೆ ಅದರ ಹಿಂದಿನ ಆಸೆ ತನ್ಮಯೀಗೆ ಕೇಳಿಸಿತು. ಆ ಕೋಣೆಯ ಫೋಟೋ ಒಂದು ಮೂಲೆಯಿಂದ ತೆಗೆದದ್ದು, ಅದರಲ್ಲಿ ಕಾಣುತ್ತಿದ್ದದ್ದು ಒಂದೇ ಮಂಚ. ಒಂದು ಎಂದರೆ ಮುಗಿಯಿತು. ಯಾರಿಗೂ ನೋವಾಗುವುದಿಲ್ಲ, ಯಾರೂ ಪರೀಕ್ಷಿಸುವುದಿಲ್ಲ. ಗಂಡನ ಮನೆಯಿಂದ ಒಂದು ಚೀಲ ಹಿಡಿದು ಬಂದ ದಿನ ಏನೂ ಕೇಳದೆ ಗಂಜಿ ಬಡಿಸಿದವರು ಈ ದೊಡ್ಡಮ್ಮ. ಆ ಋಣ ನೆನಪಾಯಿತು. ಬನ್ನಿ ಎನ್ನುವುದೂ ಒಂದೇ ಮಾತು.

"ಎರಡುಂಟು ದೊಡ್ಡಮ್ಮ," ಎಂದಳು. "ಆದ್ರೆ ನಾನು ಒಬ್ಬಳೇ ಹೋಗುದು."

ಹೊರಗೆ ಸುಬ್ರಹ್ಮಣ್ಯದ ಬಸ್ಸು ಹಾರ್ನು ಹೊಡೆದು ಹೋಯಿತು. ದೊಡ್ಡಮ್ಮ ಫೋನನ್ನು ವಾಪಸು ಕೊಟ್ಟರು.

"ನಾನು ಬರ್ತೇನೆಂತ ಹೇಳಿದ್ನಾ? ಬೆಡ್‌ಶೀಟ್ ಹೊಲಿಲಿಕ್ಕೆ ಕೇಳಿದ್ದು. ಬೇರೆಯವರು ಮಲಗಿದ್ದರಲ್ಲಿ ನೀನು ಯಾಕೆ ಮಲಗುದು?"

ಅವರು ಕುತ್ತಿಗೆಯಿಂದ ಟೇಪು ತೆಗೆದು ಬಟ್ಟೆಯ ಮೇಲೆ ಉದ್ದಕ್ಕೆ ಹಿಡಿದರು. ಎರಡು ಶೀಟಿಗೆಂದು ಬಿಡಿಸಿದ್ದ ಬಟ್ಟೆಯನ್ನು ಒಂದೇ ಶೀಟಿನ ಅಳತೆಗೆ ಅರ್ಧಕ್ಕೆ ಮಡಚಿ, ಮಡಿಕೆಯ ಮೇಲೆ ಉಗುರಿನಿಂದ ಗೆರೆ ಎಳೆದರು. ಅಂಚಿಗೆ ಒಂದು ಕತ್ತರಿ ಕೊಟ್ಟು, ಎರಡೂ ಕೈಯಲ್ಲಿ ಹಿಡಿದು, ಆ ತುದಿಯಿಂದ ಈ ತುದಿಯವರೆಗೆ ಒಂದೇ ಎಳೆತಕ್ಕೆ ನೇರವಾಗಿ ಹರಿದರು.