ಇನ್ನೊಂದು ಗಳಿಗೆ ಕೂತಿರು ಪುಟ್ಟಿ

ತೊಡೆಯ ಮೇಲೆ ಬೆಚ್ಚಗೆ ಏನೋ ಹರಿಯುತ್ತಿದೆ, ಹೆಂಚು ಸೋರಿದ್ದಾದರೆ ತಣ್ಣಗಿರಬೇಕಿತ್ತು, ಇದು ಬೆಚ್ಚಗಿದೆ, ಪಂಚೆ ದಾಟಿ ಮೊಣಕಾಲಿನ ಸಂದಿಗೆ ಇಳಿಯುತ್ತಿದೆ — ಲೇ ರುದ್ರ, ನಿನ್ ಕೆಲ್ಸವೇನ್ಲಾ ಇದು, ನಗುತ್ತಾನೆ ಕಳ್ಳ, ಪಕ್ಕದ ಮನೆ ಚಿಕ್ಕಬೀರಮ್ಮನ ಮಗ, ಎರಡು ವರ್ಷದವನು, ಬೆಳಗಿನಿಂದ ಇದು ಮೂರನೆಯ ಸಲ, ಮೂರು ಸಲವೂ ನನ್ನ ತೊಡೆಯೇ ಬೇಕು ಅವನಿಗೆ, ಇರಲಿ ಬಿಡು, ಮಕ್ಕಳ ಉಚ್ಚೆ ತೀರ್ಥ ಎನ್ನುತ್ತಿದ್ದಳು ನನ್ನವಳು, ಪುಟ್ಟಸಿದ್ದಮ್ಮ, ಅವಳು ಹೋಗಿ ನಾಲ್ಕು ವರ್ಷವಾಯಿತು, ಇದ್ದಿದ್ದರೆ ಈಗ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು, ಗಾವಡಗೆರೆಯ ಮರಿಯಯ್ಯ, ಎಂಥ ಕೊಬ್ಬಿದ ಹೋರಿಗೂ ಮೂಗುದಾರ ಹಾಕಿದ ಗಂಡಸು, ಮೂರು ಕೂಸುಗಳ ಮಧ್ಯೆ ಒದ್ದೆ ಪಂಚೆಯಲ್ಲಿ ಕೂತಿದ್ದಾನೆ. ಏಳೋಣವೆಂದರೆ ಬಲಗಾಲು ಹಿಮ್ಮಡಿಯಿಂದ ಮೊಣಕಾಲಿನ ತನಕ ಬಿದಿರು ದಬ್ಬೆಯ ಕಟ್ಟಿನಲ್ಲಿದೆ, ಉಳುವಾಗ ಎತ್ತು ತುಳಿದು ಮುರಿದದ್ದು, ಹುಣಸೂರಿನ ಸತ್ತಾರ್ ಸಾಬರು ಬಂದು ಮೂಳೆ ಕೂರಿಸಿ, ನಲವತ್ತು ದಿನ ನೆಲಕ್ಕೆ ಊರ್ಬೇಡಿ ಮರಿಯಯ್ಯನೋರೇ ಎಂದು ಹೇಳಿ ಹೋದರು, ಇವತ್ತಿಗೆ ಇಪ್ಪತ್ತು, ಹೊರಗೆ ಪುಷ್ಯ ಮಳೆ ಐದು ದಿನದಿಂದ ಜಡಿ ಹಿಡಿದಿದೆ, ಕೆರೆ ತುಂಬಿ ಬಯಲಲ್ಲೆಲ್ಲ ನಾಟಿ, ಕೈಕಾಲು ನೆಟ್ಟಗಿರುವವರೆಲ್ಲ ಗದ್ದೆಯಲ್ಲಿ, ಮಗ ಚೆಲುವಯ್ಯನೂ ಅಲ್ಲೇ, ಸೊಸೆ ಕೆಂಪಾಜಮ್ಮ ನಾಟಿಗೆ ಮೊದಲ ಸಲ ಹೋಗುವಾಗ, ಮಾವಯ್ಯ, ರಾಗಿ ಇಟ್ಟು ಗಂಗಳ್ದಲ್ಲಿ ಮಡಗಿವ್ನಿ, ಕೂಸ್ಗಳ್ನ ಮಾತ್ರ ಆಚಿಕ್ ಬುಡ್ಬ್ಯಾಡಿ, ಸೀತ ಆಯ್ತದೆ, ಅಂದಳು, ಅವಳ ದನಿಯಲ್ಲಿ ನಂಬಿಕೆ ಇರಲಿಲ್ಲ, ನನಗೂ ಇರಲಿಲ್ಲ.

ಮೊದಲ ದಿನ ಕಪ್ಪೆಯನ್ನು ತಕ್ಕಡಿಗೆ ಹಾಕಿದ ಹಾಗೆಯೇ ಆಯಿತು, ಒಂದನ್ನು ಕೂರಿಸಿದರೆ ಇನ್ನೊಂದು ನೆಗೆಯಿತು, ನಂಜ ಹೊಸಿಲು ದಾಟಿ ಮಳೆಗೆ, ನಂಜ ಎಂದರೆ ನನ್ನ ಮೊಮ್ಮಗ, ಶಿವನಂಜಪ್ಪ, ಮೂರು ವರ್ಷ, ಬಾಯಿಗೆ ಬೀಗವಿಲ್ಲ, ರುದ್ರ ಒಲೆಯ ಬೂದಿಗೆ, ನಂಜನ ತಂಗಿ ಪುಟ್ಟಿ ಅಂಬೆಗಾಲಲ್ಲಿ ಕೊಟ್ಟಿಗೆಯ ಕಡೆಗೆ, ನಾನು ಕೂತಲ್ಲಿಂದಲೇ ಎತ್ತನ್ನು ಗದರಿಸಿದ ಹಾಗೆ ಗದರಿಸಿದೆ, ಮೂರೂ ಒಟ್ಟಿಗೆ ರಾಗ ತೆಗೆದವು, ಎತ್ತಾದರೆ ಅಳುವುದಿಲ್ಲ. ಎರಡನೆಯ ದಿನ ಬುದ್ಧಿ ಬಂತು, ಬೂದಿಗೆ ಹೋಗುವವನಿಗೆ ಬೂದಿಯನ್ನೇ ಕೊಡಬೇಕು, ಮೊರದ ತುಂಬ ಆರಿದ ಬೂದಿ ಹರಡಿ ಬೆರಳು ಹಿಡಿದು ಗೆರೆ ಎಳೆಸಿದೆ, ಇದು ಕೋಳಿ ಕಾಲು, ಇದು ಬಂಡಿ ಗಾಲಿ, ಇದು ಮ, ನನಗೆ ಬರುವುದೇ ನನ್ನ ಹೆಸರಿನ ನಾಲ್ಕು ಅಕ್ಷರ, ರುಜು ಹಾಕಲು ಕಲಿತದ್ದು, ಅದರಲ್ಲಿ ಒಂದನ್ನು ನಂಜನಿಗೆ ದಾಟಿಸಿದೆ, ಅವನು ಮ ಬರೆದು ಅದಕ್ಕೊಂದು ಬಾಲ ಎಳೆದು ಎಮ್ಮೆ ಅಂದ, ಇರಲಿ. ಹುಣಸೆ ಬೀಜ ಎಣಿಸಲು ಕೊಟ್ಟರೆ ಒಂದು, ಎರಡು, ಮೂರು, ಏಳು, ಮೂರಾದ್ ಮ್ಯಾಕೆ ನಾಕು ಕಣ್ಲಾ, ಇಲ್ಲ ತಾತ ಏಳು, ಹಟ, ಥೇಟ್ ನನ್ನದೇ, ಕೊನೆಗೆ ಕೊಟ್ಟಿಗೆಯಲ್ಲಿ ನಿಂತ ಎತ್ತಿನ ಕಾಲು ತೋರಿಸಿದೆ, ಮುಂದೆ ಎರಡು ಹಿಂದೆ ಎರಡು, ಆಗ ನಾಲ್ಕು ಒಳಗಿಳಿಯಿತು, ತಾತನ ಕಾಲು ಎಷ್ಟು ಹೇಳು ಎಂದೆ, ಒಂದು, ಅಂದ, ಇನ್ನೊಂದು ಬಿದಿರು, ನಾನು ನಕ್ಕ ರಭಸಕ್ಕೆ ಕಟ್ಟಿದ ಕಾಲು ಜುಂ ಎಂದಿತು. ಮೂಲೆಯ ವಾಡೆ ಖಾಲಿಯಾಗಿತ್ತು, ರಾಗಿ ತುಂಬಿಡುವ ಆಳೆತ್ತರದ ಮಣ್ಣಿನ ವಾಡೆ, ಕೆಳಗಿನ ತೂತಿನ ಬಟ್ಟೆ ಕಿತ್ತು ಅದಕ್ಕೆ ಬಾಯಿಟ್ಟು ಕೂ ಎಂದರೆ ಒಳಗಿನಿಂದ ಯಾರೋ ದೊಡ್ಡವರು ಕೂ ಎನ್ನುತ್ತಾರೆ, ರುದ್ರ ಹೆದರಿ ನನ್ನ ತೊಡೆಗೆ ಓಡಿ ಬಂದ, ಅಲ್ಲಿಂದಲೇ ಶುರುವಾದದ್ದು ಈ ತೀರ್ಥ. ಬಾಗಿಲಾಚೆ ಹಾದುಹೋಗುವ ಚಿಕ್ಕಮಾದಯ್ಯ ಇಣುಕಿ, ಏನ್ ಮರಿಯಣ್ಣ, ಎಷ್ಟ್ ಸಲ ಮೊಲೆ ಕುಡಿಸ್ದೆ ಇವತ್ತು, ಅಂತಾನೆ, ಅನ್ನಲಿ, ಅವನಿಗೇನು ಗೊತ್ತು, ಐವತ್ತೈದು ವರ್ಷಕ್ಕೆ ನಾನು ಮೊದಲ ಸಲ ಮಕ್ಕಳ ಜೊತೆ ಆಡುತ್ತಿದ್ದೇನೆ, ಕಾಲು ಮುರಿದದ್ದು ಒಳ್ಳೆಯದೇ ಆಯಿತು ಅಂತ ಯಾರಿಗೂ ಹೇಳುವಂತಿಲ್ಲ.

ಅದಿರಲಿ, ಪುಟ್ಟಿ ಎಲ್ಲಿ, ಕೂತಿದ್ದಾಳೆ, ಸದ್ಯ, ಕಂಬದ ಹತ್ತಿರ ಸಿಹಿಗುಂಬಳ ತಬ್ಬಿಕೊಂಡು ಕೂತಿದ್ದಾಳೆ, ನಾನೇ ಅವಳ ಮಡಿಲಿಗೆ ಉರುಳಿಸಿದ್ದು, ಭಾರಕ್ಕೆ ಏಳದಿರಲಿ ಎಂದು. ಬೆಳಗ್ಗೆ ಹಿಟ್ಟು ತಿನ್ನಿಸಿ ಕೈ ತೊಳೆಯುತ್ತಿದ್ದೆ, ಈ ಹುಡುಗಿ ಕಂಬ ಹಿಡಿದು ಎದ್ದಳು, ಅದೇನು ಹೊಸದಲ್ಲ, ಆದರೆ ಇವತ್ತು ಒಂದು ಕೈ ಬಿಟ್ಟಳು, ಆಮೇಲೆ ಇನ್ನೊಂದು, ಯಾವ ಆಸರೆಯೂ ಇಲ್ಲದೆ ನಿಂತಳು, ನಾನು ಉಸಿರು ಬಿಟ್ಟು ಎಳೆದುಕೊಳ್ಳುವಷ್ಟು ಹೊತ್ತು, ಒಂದು ಪಾದ ಎತ್ತಿದಳು, ಎಲ್ಲಿಡಬೇಕೆಂದು ತಿಳಿಯದೆ ದೊಪ್ಪನೆ ಕೂತು ತಾನೇ ನಕ್ಕಳು, ನನ್ನ ಎದೆ ಕುಣಿಯಿತು, ನಡೀತಾಳೆ, ಇವತ್ತೇ ನಡೀತಾಳೆ ನನ್ನ ಕೂಸು, ಮರುಗಳಿಗೆಯೇ ಬೇಡ ಬೇಡ ಎನ್ನಿಸಿತು, ಈಗ ಬೇಡ, ಅವರಪ್ಪ ಬರಲಿ, ಚೆಲುವ ನೋಡಬೇಕು, ನೋಡಿದರೆ ಸಾಲದು, ಅವಳು ನಡೆದು ಬಂದು ಅವನ ಕೈಗೇ ಬೀಳಬೇಕು, ನನ್ನೆದುರಿಗೇ. ನನ್ನೆದುರಿಗೆ ಅವನು ಮಗಳನ್ನು ಎತ್ತುವುದಿಲ್ಲ, ಅದು ನಮ್ಮ ಮನೆಗಳ ರೂಢಿ, ಹೆತ್ತಪ್ಪನ ಮುಂದೆ ತನ್ನ ಮಗುವನ್ನು ಮುದ್ದಿಸುವವನು ನಾಚಿಕೆಗೆಟ್ಟವನು, ನನ್ನಪ್ಪ ದಾಸಯ್ಯ ಕಲಿಸಿದ್ದು ಅದು, ನಾನು ಚೆಲುವನಿಗೆ ಬಾಯಲ್ಲಿ ಹೇಳಿದವನೇ ಅಲ್ಲ, ಆದರೂ ಕಲಿತುಬಿಟ್ಟಿದ್ದಾನೆ, ಪುಟ್ಟಿ ಅವನ ಕಾಲು ತಬ್ಬಿ ಅತ್ತರೂ, ಲೇ ಇವ್ಳೇ, ಕೂಸ್ ನೋಡು, ಎಂದು ಹೆಂಡತಿಯನ್ನು ಕೂಗುತ್ತಾನೆ, ಒಂದು ದಿನ ಹಿತ್ತಿಲ ಹುಲ್ಲುಮೆದೆಯ ಹಿಂದೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಯುತ್ತಿದ್ದ, ನನ್ನನ್ನು ಕಂಡದ್ದೇ ಕದ್ದ ಮಾಲು ಇಳಿಸಿದಂತೆ ಇಳಿಸಿದ, ಕುಣಿ ಮಗನೇ ಅನ್ನಬೇಕೆಂದಿದ್ದೆ, ಕೆಮ್ಮಿ ಹೊರಟುಹೋದೆ. ಇದೇ ನಡುಮನೆ, ಚೆಲುವ ಮೊದಲ ಸಲ ನಡೆದದ್ದು ಇಲ್ಲೇ, ನನ್ನ ಕಡೆಗೇ ಬರುತ್ತಿದ್ದಾನೆ, ನಾಲ್ಕು ಹಲ್ಲು ತೋರಿಸಿಕೊಂಡು, ನನ್ನಪ್ಪ ಅಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತಿದ್ದಾರೆ, ನಾನು ಎರಡು ಕೈಯನ್ನೂ ಕಂಕುಳಲ್ಲಿ ಹುದುಗಿಸಿಕೊಂಡು ಗೋಡೆಯ ಕುಡುಗೋಲು ನೋಡುತ್ತಿದ್ದೇನೆ, ಕೂಸು ಬಂತು, ನನ್ನ ಕಾಲ ಹತ್ತಿರವೇ ಮಕಾಡೆ ಬಿತ್ತು, ಎತ್ತಿಕೊಂಡವಳು ಪುಟ್ಟಸಿದ್ದಮ್ಮ, ಆ ರಾತ್ರಿ ಕೂಸನ್ನು ತಬ್ಬಿಕೊಂಡು ಗೋಡೆ ಕಡೆ ತಿರುಗಿ ಮಲಗಿದಳು, ಅಪ್ಪ ಸತ್ತಾಗ ಚೆಲುವನಿಗೆ ಹತ್ತು ವರ್ಷ, ಎತ್ತುವ ವಯಸ್ಸು ದಾಟಿತ್ತು, ಒಂದು ಸಲವೂ ಎತ್ತಲಿಲ್ಲ ನಾನು, ಒಂದೇ ಒಂದು ಸಲ, ಈಗ ಇಪ್ಪತ್ತು ದಿನದಿಂದ ದಿನಾ ಬೆಳಗ್ಗೆ ಅವನೇ ನನ್ನನ್ನು ಬೆನ್ನ ಮೇಲೆ ಹೊತ್ತು ಹಿತ್ತಿಲಿಗೆ ಒಯ್ಯುತ್ತಾನೆ, ಗಟ್ಟಿಯಾಗಿ ಇಡ್ಕೊ ಅಪ್ಪಯ್ಯ ಅಂತಾನೆ, ಅವನ ಕುತ್ತಿಗೆ ಎಷ್ಟು ಬೆಚ್ಚಗಿರುತ್ತದೆ.

ಕುಂಬಳ ಉರುಳಿತು, ಎದ್ದೇಳುತ್ತಿದ್ದಾಳೆ — ಬಸ್ಸು, ಬಸ್ಸು ಬಂತು ಕಣ್ರೋ, ಹತ್ತಿ ಹತ್ತಿ ಎಂದು ಕೂಗಿ ದೊಡ್ಡ ಬಿದಿರು ಮಂಕರಿಯನ್ನು ಎಳೆದು ಅವಳನ್ನು ಅದರೊಳಗೆ ಕೂರಿಸಿದೆ, ಈ ಯುದ್ಧದಲ್ಲಿ ಪೆಟ್ರೋಲು ಸಿಗದೆ ಹುಣಸೂರಿನ ಬಸ್ಸು ಇದ್ದಲು ಉರಿಸಿಕೊಂಡು ಓಡುತ್ತದಲ್ಲ, ಹಿಂದೆ ನಿಂತು ಹಿಡಿ ತಿರುಗಿಸಿ ತಿರುಗಿಸಿ ಬೆಂಕಿ ಎಬ್ಬಿಸಬೇಕು, ನಂಜನಿಗೆ ಆ ಕೆಲಸ, ನನ್ನ ಊರುಗೋಲೇ ಹಿಡಿ, ರುದ್ರ ಕಂಡಕ್ಟರು, ಅವನಿಗೆ ಬರುವ ಒಂದೇ ಮಾತು ರೈಟ್, ಅದನ್ನು ಲೈಟು ಅಂತಾನೆ, ಪುಟ್ಟಿ ಪ್ಯಾಸೆಂಜರು, ನಾನು ಡ್ರೈವರು, ಎಂಜಿನ್ನೂ ನಾನೇ, ಗುರ್ ಗುರ್ ಎಂದು ಕೂತಲ್ಲೇ ಕುಂಡಿ ಎಳೆದುಕೊಂಡು ಮಂಕರಿ ನೂಕುತ್ತೇನೆ, ಯಾವೂರಿಗಮ್ಮ, ಕಟ್ಟೆಮಳಲವಾಡಿ, ಹುಣಸೂರು, ಬಿಳಿಕೆರೆ, ಮೈಸೂರು, ಹೇಳ್ಲಾ ನಂಜ, ಉಣಸೂರು, ಬಿಳ್ಕೆರೆ, ದಸರೆ ಎನ್ನುತ್ತಾನೆ, ಮೈಸೂರಿಗೆ ಅವನಿಟ್ಟ ಹೆಸರು ಅದು. ಸೇತುವೆ ಬಂದಾಗಲೆಲ್ಲ ಬಸ್ಸು ಕೆಡುತ್ತದೆ, ಕೆಡಿಸಲೇಬೇಕು, ಹೊತ್ತು ಹೋಗಬೇಕಲ್ಲ, ಇದ್ದಲು ಮುಗೀತು, ಹುಣಸೆ ಬೀಜ ತಂದು ಹಾಕು, ನಾಲ್ಕು ಹಾಕು, ಒಂದು ಎರಡು ಮೂರು ನಾಕು, ಭಲೇ, ನಾಲ್ಕು ಬಂತು, ಏಳು ಎಲ್ಲೋ ಬಿದ್ದುಹೋಯಿತು, ಲೈಟು ಲೈಟು, ಪುಟ್ಟಿ ಮಂಕರಿಯ ಅಂಚು ಹಿಡಿದು ಏಳುತ್ತಾಳೆ, ಕೂತ್ಕೊ ತಾಯಿ, ಬಸ್ಸು ಓಡ್ತಾ ಇರುವಾಗ ಎದ್ದೇಳಬಾರದು, ಇನ್ನೊಂದು ಗಳಿಗೆ, ಊರಲ್ಲಿ ಎಷ್ಟೋ ತಾತಂದಿರು ಕೈ ಹಿಡಿದು ಮಕ್ಕಳಿಗೆ ನಡೆ ಕಲಿಸುತ್ತಾರೆ, ನಡೆಯದಂತೆ ಕಾಯುವ ತಾತ ನಾನೊಬ್ಬನೇ ಇರಬೇಕು, ಬೆಳಗಿನಿಂದ ವಾಡೆ ಕೂಗಿದ್ದಾಯಿತು, ಬೂದಿ ಬರೆದಾಯಿತು, ಗುಲಗಂಜಿ ಗಿಲಕಿ ಆಡಿಸಿದ್ದಾಯಿತು, ಗಂಟಲು ಕಟ್ಟಿದೆ, ಸೊಂಟ ಬಿದ್ದುಹೋಗಿದೆ, ಮೈಯೆಲ್ಲ ಬೂದಿ, ಹಾಳಾದ್ದು, ಎಷ್ಟು ಸುಖವಾಗಿದೆ.

ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು, ಯಾರೋ ನಿಂತಿದ್ದಾರೆ, ಕಂಬಳಿ ಕೊಪ್ಪೆಯಿಂದ ನೀರು ಸುರಿಯುತ್ತಿದೆ, ಚೆಲುವ, ಇಷ್ಟು ಬೇಗ, ಪೈರ್ ಸಾಲ್ದೆ ಬಂತು ಅಪ್ಪಯ್ಯ, ಮೇಲ್ಗಡೆ ಸಸಿ ಮಡೀಲಿ ಕಿತ್ತವ್ರೆ, ಒರಾಕೆ ಮಂಕ್ರಿ ಬೇಕಾಗಿತ್ತು, ಎನ್ನುತ್ತಾನೆ, ಮಂಕರಿಯಲ್ಲಿ ಅವನ ಮಗಳು ಕೂತಿದ್ದಾಳೆ, ಅಲ್ಲ, ಕೂತಿಲ್ಲ, ನಿಂತಿದ್ದಾಳೆ, ಅಪ್ಪನ ದನಿ ಕೇಳಿದ್ದೇ ಅಂಚಿನ ಮೇಲೆ ಹೊಟ್ಟೆ ಹಾಕಿ ಆಚೆಗೆ ಜಾರಿ ಎದ್ದು ನಿಂತಿದ್ದಾಳೆ, ಒಂದು ಕೈ ಬಿಟ್ಟಳು, ಇನ್ನೊಂದು ಬಿಟ್ಟಳು, ನಂಜ ಹಿಡಿ ತಿರುಗಿಸುವುದನ್ನು ನಿಲ್ಲಿಸಿದ, ಒಂದು ಹೆಜ್ಜೆ, ಇನ್ನೊಂದು, ಚೆಲುವನ ಎರಡು ಕೈ ಕಂಬಳಿಯಿಂದ ಹೊರಗೆ ಬಂದವು, ಮೊಣಕೈ ತನಕ ಗದ್ದೆಯ ಕೆಸರು, ಬೆರಳು ಅಗಲಿಸಿ ಚಾಚಿದ, ನನ್ನನ್ನು ನೋಡಿದ, ಕೈ ಹಿಂದಕ್ಕೆ ಹೋದವು, ಬೆನ್ನ ಹಿಂದೆ ಅಡಗಿದವು, ಮುಖ ಸೂರಿನ ಕಡೆ ತಿರುಗಿತು, ಎಲ್ಲಾದ್ರೂ ಸೋರ್ತದಾ ಅಪ್ಪಯ್ಯ, ಅನ್ನುತ್ತಾನೆ, ಕೂಸು ನಡುಮನೆಯ ಮಧ್ಯದಲ್ಲಿ ಒಂಟಿಯಾಗಿ ತೂಗುತ್ತಿದೆ, ಮೂರನೆಯ ಹೆಜ್ಜೆ ಎತ್ತಿದೆ, ಹಿಂದಕ್ಕೆ ಹೋದ ಆ ಕೈ, ಹೇಳು ಮರಿಯಯ್ಯ, ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ, ಹೇಳೋ — ಎತ್ಕೊಳ್ಲಾ, ಎಂದು ಕಿರುಚಿದೆ, ಬೆಳಗಿನಿಂದ ಕೂಗಿ ಒಡೆದ ದನಿ, ಎತ್ಕೊ ಮಗ್ನೇ, ನಮ್ಮಪ್ಪ ಸಾಯೋಗಂಟ ನಾನ್ ಕಾದೆ ಕಣ್ಲಾ, ಅಷ್ಟೊತ್ಗೆ ನೀನು ನನ್ ಎದೆಗಂಟ ಬೆಳ್ದೋಗಿದ್ದೆ, ನೀನ್ ಕಾಯ್ಬ್ಯಾಡ, ನನ್ನ ಕೂಗಿಗೆ ಪುಟ್ಟಿ ಬೆಚ್ಚಿ ವಾಲಿದಳು, ಮುಂದಕ್ಕೆ, ಮಕಾಡೆ, ಚೆಲುವ ಕೆಳಗೆ ಕೂತೇಬಿಟ್ಟ, ಬೆನ್ನ ಹಿಂದಿದ್ದ ಕೈ ಬಂದವು, ಕೆಸರಿನ ಕೈ, ನೆಲಕ್ಕೂ ಅವಳಿಗೂ ನಡುವೆ ಬಂದವು, ಅವಳ ಬಿಳಿ ಅಂಗಿಯ ಮೇಲೆ ಹತ್ತು ಬೆರಳಿನ ಗುರುತು, ಎತ್ತಿದ, ಎದೆಗೆ ಒತ್ತಿಕೊಂಡ, ಅವಳು ಅವನ ಒದ್ದೆ ಮೀಸೆ ಹಿಡಿದು ಎಳೆಯುತ್ತಾಳೆ, ಲೈಟು ಲೈಟು ಎಂದು ರುದ್ರ ಕೂಗುತ್ತಾನೆ, ನಂಜ, ತಾತ, ಪುಟ್ಟಿ ನಡುದ್ಲು, ನಾಕ್ ಎಜ್ಜೆ, ಎನ್ನುತ್ತಾನೆ, ಮೂರು ಕಣ್ಲಾ, ಇರಲಿ, ಚೆಲುವ ನನ್ನ ಕಡೆ ನೋಡುತ್ತಿಲ್ಲ, ಅವಳ ಕುತ್ತಿಗೆಯಲ್ಲಿ ಮುಖ ಹುದುಗಿಸಿದ್ದಾನೆ, ಭುಜ ಅಲುಗುತ್ತಿದೆ, ನಗುತ್ತಿದ್ದಾನೋ ಏನೋ, ಆಮೇಲೆ ಅವನ ಕಣ್ಣು ನನ್ನ ಮಡಿಲ ಮೇಲೆ ನಿಂತಿತು, ಏನು ನೋಡುತ್ತಿದ್ದಾನೆಂದು ನಾನೂ ನೋಡಿದೆ, ನನ್ನ ಎರಡು ಕೈ, ಬೂದಿ ಮೆತ್ತಿದ ಮುದಿ ಕೈ, ಯಾವಾಗ ಚಾಚಿದವೋ, ಕೂಸಿನ ಕಡೆಗಲ್ಲ, ಅವಳು ಅವನ ಹತ್ತಿರ ಸುಖವಾಗಿದ್ದಾಳೆ, ಚೆಲುವನ ಕಡೆಗೆ, ಇಪ್ಪತ್ತೆಂಟು ವರ್ಷದ ಮಗನ ಕಡೆಗೆ, ಇಳಿಸೋಣವೆಂದರೆ ಇಳಿಯುತ್ತಿಲ್ಲ, ಬೂದಿ ಕೈ, ಚಾಚಿಯೇ ಇವೆ, ಎರಡು ಕೈ